ಹದಿಮೂರು ಫ್ಲಾಪಿ, ಆರು ಅಂಕಪಟ್ಟಿ

ಪಂಚಾಕ್ಷರಪ್ಪನವರು ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಇಟ್ಟರು. ಪಕ್ಕದಲ್ಲಿ ರಬ್ಬರ್ ಬ್ಯಾಂಡು ಸುತ್ತಿದ ಫ್ಲಾಪಿಗಳ ಕಟ್ಟನ್ನೂ ಇಟ್ಟು, ಕುರ್ಚಿ ಎಳೆದುಕೊಂಡು ಕೂತರು.

“ಹದಿಮೂರು ಅದಾವು, ನೋಡ್ಕ್ಯ ಮೈತ್ರಮ್ಮ. ಶುಕ್ರವಾರ ಶಿಕಾರಿಪುರದಾಗೆ ಹೊಸ ಬ್ರಾಂಚಿನ ಓಪನಿಂಗು. ಅಷ್ಟರಾಗೆ ಇದಕ್ಕೆ ತೊಂಬತ್ತೈದರ ವಿಂಡೋಸ್ ಹಾಕಿರ್ಬೇಕು. ಬೋರ್ಡಿನಾಗೂ ಬರೆಸಿಬಿಟ್ಟೀನಿ.”

ಅದು 1997ರ ಅಕ್ಟೋಬರ್, ದಸರಾ ಮುಗಿದ ಮೇಲಿನ ಬುಧವಾರ. ಪಂಚಾಕ್ಷರಪ್ಪನವರ ಕಂಪ್ಯೂಟರ್ ಸೆಂಟರ್ ಇದ್ದದ್ದು ಸೊರಬದಲ್ಲಿ, ಒಂದು ಗೊಬ್ಬರದಂಗಡಿಯ ಮಹಡಿಯ ಮೇಲೆ. ಅವರು ಶಿಕಾರಿಪುರದವರು. ಮೂವತ್ತು ವರ್ಷ ಬಟ್ಟೆ ವ್ಯಾಪಾರ ಮಾಡಿ, ಇನ್ನು ಮುಂದೆ ನಡೆಯುವುದು ಇದೇ ಎಂದು ಯಾರೋ ಹೇಳಿದ್ದನ್ನು ನಂಬಿ ಈ ಕಸುಬಿಗೆ ಇಳಿದಿದ್ದರು. ಸೀರೆಯನ್ನು ಕಣ್ಣು ಮುಚ್ಚಿ ಬೆರಳಲ್ಲಿ ಸವರಿಯೇ ಯಾವ ನೂಲಿನದೆಂದು ಹೇಳಬಲ್ಲವರಿಗೆ ಕಂಪ್ಯೂಟರ್ ಮಾತ್ರ ಒಂದಿಷ್ಟೂ ಒಲಿದಿರಲಿಲ್ಲ. ಪಾಠ ಹೇಳುವುದು, ಕೆಟ್ಟದ್ದನ್ನು ಸರಿ ಮಾಡುವುದು, ಪರೀಕ್ಷೆ ನಡೆಸುವುದು ಎಲ್ಲವೂ ಮೈತ್ರಿಯ ಪಾಲಿಗೆ ಬಂದಿತ್ತು.

ಮೈತ್ರಿ ಹೊಸಬಾಳೆಯ ಕೆಂಪಪ್ಪನ ಮಗಳು. ಬಿ.ಎಸ್ಸಿ. ಮುಗಿಸಿ, ಮೇಲೊಂದು ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡು ಬಂದಿದ್ದಳು. ಕೆಲಸಕ್ಕೆ ಸೇರುವಾಗ, ಎರಡು ವರ್ಷ ಬಿಟ್ಟು ಹೋಗುವುದಿಲ್ಲ ಎಂದು ಛಾಪಾ ಕಾಗದದ ಮೇಲೆ ರುಜು ಹಾಕಿ, ಎಸ್ಸೆಸ್ಸೆಲ್ಸಿಯಿಂದ ಡಿಪ್ಲೊಮಾವರೆಗಿನ ಆರು ಅಂಕಪಟ್ಟಿಗಳನ್ನು ಅವರ ಕೈಗೆ ಒಪ್ಪಿಸಿದ್ದಳು. ಆ ಎರಡು ವರ್ಷ ಮೇ ತಿಂಗಳಿಗೇ ತೀರಿತ್ತು. ಅಂಕಪಟ್ಟಿ ಕೇಳಿದಾಗಲೆಲ್ಲ ಪಂಚಾಕ್ಷರಪ್ಪನವರು ನಗುತ್ತಿದ್ದರು. “ಎಲ್ಲಿಗೆ ಹೋಗ್ತಾವವ್ವ? ನನ್ನ ಬೀರುನಾಗೆ ಬಂಗಾರದಂಗೆ ಅದಾವು. ನೀನು ನನ್ನ ಮಗಳಿದ್ದಂಗೆ.” ಮಗಳಿದ್ದಂಗೆ ಎಂದ ಮೇಲೆ ಅವಳು ಇನ್ನೇನು ಕೇಳುವುದು? ಹಾಗೇ ಐದು ತಿಂಗಳು ಕಳೆದಿತ್ತು.

ಈ ಸಲ ಮಾತ್ರ ಅವಳು ಬ್ಯಾಗಿನಿಂದ ಒಂದು ಪತ್ರ ತೆಗೆದು ಅವರ ಮುಂದೆ ಇಟ್ಟಳು. ಶಿವಮೊಗ್ಗದ ಒಂದು ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂದಿತ್ತು. ಸೋಮವಾರ, ಎಲ್ಲ ಅಂಕಪಟ್ಟಿಗಳ ಮೂಲ ಪ್ರತಿಗಳೊಂದಿಗೆ.

ಅವರು ಪತ್ರವನ್ನು ಎರಡು ಸಲ ಓದಿ ಮಡಚಿ ಕೊಟ್ಟರು. “ಆತು. ಇದೊಂದು ಮಾಡ್ಕೊಡು. ಶುಕ್ರವಾರ ಓಪನಿಂಗ್ ಮುಗೀತಿದ್ದಂಗೆ ನಿನ್ನ ಮಾರ್ಕ್ಸ್ ಕಾರ್ಡು ನಿನ್ನ ಕೈಯಾಗಿರ್ತಾವು.”

ಅವರು ಹೋದ ಮೇಲೆ ಮೈತ್ರಿ ಲ್ಯಾಪ್‌ಟಾಪ್ ತೆರೆದಳು. ಯಾರೋ ನಾಲ್ಕು ವರ್ಷ ಬಳಸಿ ಮಾರಿದ್ದು. ಇಟ್ಟಿಗೆಯಷ್ಟು ದಪ್ಪ, ಬ್ಯಾಟರಿ ಎಂದೋ ಸತ್ತಿತ್ತು, ವೈರು ಕಿತ್ತರೆ ಆರಿಹೋಗುತ್ತಿತ್ತು. ಹೊಸ ವಿಂಡೋಸ್ ಕೂರುವಷ್ಟು ಜಾಗವೂ ಅದರೊಳಗೆ ಇರಲಿಲ್ಲ. ಅವಳು ಆಟಗಳನ್ನು ಅಳಿಸಿದಳು, ಹಳೆಯ ಪಾಠಗಳನ್ನು ಅಳಿಸಿದಳು. ಪಂಚಾಕ್ಷರಪ್ಪನವರು ತಮ್ಮ ಪತ್ರಗಳನ್ನು ಇಟ್ಟುಕೊಂಡಿದ್ದ ಕಡತವೊಂದು ಉಳಿಯಿತು. ಅದನ್ನು ಖಾಲಿ ಫ್ಲಾಪಿಗೆ ಇಳಿಸಿಕೊಂಡು, ಸರಿಯಾಗಿ ಬಂದಿದೆಯೇ ನೋಡಲು ಒಂದು ಪತ್ರ ತೆರೆದಳು.

ಎಲ್ಲವೂ ದೊಡ್ಡಕ್ಷರದ ಇಂಗ್ಲಿಷಿನಲ್ಲಿತ್ತು. ಸಣ್ಣಕ್ಷರಕ್ಕೆ ಬರುವುದನ್ನು ಅವಳು ಎಷ್ಟು ಸಲ ತೋರಿಸಿಕೊಟ್ಟಿದ್ದರೂ ಅವರಿಗೆ ನೆನಪು ನಿಲ್ಲುತ್ತಿರಲಿಲ್ಲ. ಜುಲೈ ಹದಿನಾಲ್ಕರ ಪತ್ರ. ಸಾಗರದ ಒಂದು ಕಾಲೇಜಿನ ಪ್ರಿನ್ಸಿಪಾಲರಿಗೆ. ‘ತಾವು ವಿಚಾರಿಸಿದ ಮೈತ್ರಿ ಕೆ. ನಮ್ಮಲ್ಲಿ ಇನ್ನೂ ಎರಡು ವರ್ಷದ ಕರಾರಿನಲ್ಲಿದ್ದಾಳೆ. ಅವಳಿಗೆ ಮದುವೆಯೂ ನಿಶ್ಚಯವಾಗಿದೆ. ಆದ್ದರಿಂದ ಅವಳ ಅರ್ಜಿಯನ್ನು ಪರಿಗಣಿಸಬಾರದಾಗಿ ಕೋರಿಕೆ.’

ಅವಳು ಜೂನಿನಲ್ಲಿ ಸಾಗರಕ್ಕೆ ಅರ್ಜಿ ಹಾಕಿದ್ದಳು. ಅಲ್ಲಿಂದ ಉತ್ತರ ಬರದಿದ್ದಾಗ ತನ್ನ ಅಂಕಗಳೇ ಸಾಲಲಿಲ್ಲವೇನೋ ಎಂದುಕೊಂಡು ಸುಮ್ಮನಾಗಿದ್ದಳು. ಅವಳಿಗೆ ಕರಾರೂ ಇರಲಿಲ್ಲ, ಮದುವೆಯೂ ನಿಶ್ಚಯವಾಗಿರಲಿಲ್ಲ. ಒಂದೊಂದೇ ಬೆರಳಿಟ್ಟು ಅಕ್ಷರ ಹುಡುಕಿ ಒತ್ತುವುದನ್ನು ಅವರಿಗೆ ಒಂದು ತಿಂಗಳು ಕೂತು ಕಲಿಸಿದವಳು ಅವಳೇ.

ಹನ್ನೊಂದು ಗಂಟೆಯ ತಂಡದ ಹುಡುಗಿಯರು ಚಪ್ಪಲಿ ಬಿಟ್ಟು ಒಳಗೆ ಬಂದರು. ಮೈತ್ರಿ ಎದ್ದು ಪಾಠ ಹೇಳಿದಳು. ಏನು ಹೇಳಿದಳೆಂದು ಅವಳಿಗೇ ಗೊತ್ತಾಗಲಿಲ್ಲ. ಲ್ಯಾಪ್‌ಟಾಪನ್ನು ಹಾಗೇ ಮುಚ್ಚಿಟ್ಟು ಹೋಗಿಬಿಡಬಹುದಿತ್ತು. ಆದರೆ ಎಲ್ಲಿಗೆ ಹೋದರೂ ಮೊದಲು ಕೇಳುವುದು ಅಂಕಪಟ್ಟಿಯನ್ನೇ, ಅದು ಇದ್ದದ್ದು ಅವರ ಬೀರುವಿನಲ್ಲಿ. ಮಧ್ಯಾಹ್ನ ತಂಡ ಹೋದ ಮೇಲೆ ಬಂದು ಮೊದಲನೇ ಫ್ಲಾಪಿ ಹಾಕಿದಳು.

ಫ್ಲಾಪಿಗಳು ಕರಕರ ಎನ್ನುತ್ತ ಓದಿಸಿಕೊಂಡವು. ಪರದೆಯ ಮೇಲೆ ನೀಲಿ ಪಟ್ಟಿ ಗೆರೆ ಗೆರೆಯಾಗಿ ಮುಂದೆ ಸರಿಯಿತು. ನಾಲ್ಕು, ಐದು, ಆರು. ಒಂಬತ್ತನೆಯದಕ್ಕೆ ಬಂದಾಗ ಪಟ್ಟಿ ನಿಂತಿತು. ಈ ಫ್ಲಾಪಿಯನ್ನು ಓದಲಾಗುತ್ತಿಲ್ಲ, ಮತ್ತೊಮ್ಮೆ ಪ್ರಯತ್ನಿಸಿ ಎಂದಿತು. ತೆಗೆದು, ಊದಿ, ಮತ್ತೆ ಹಾಕಿದಳು. ಇಪ್ಪತ್ತು ಸಲ ಹಾಗೆ ಮಾಡಿರಬೇಕು. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಹತ್ತು ನಿಮಿಷ ಕಿರುಚಿ ಅದೂ ಆರಿತು. ಕರೆಂಟು ಬಂದ ಮೇಲೆ ನೋಡಿದರೆ ಹಳೆಯ ವಿಂಡೋಸ್ ಕೂಡ ಏಳಲಿಲ್ಲ. ಅದರ ಕಡತಗಳ ಮೇಲೆ ಹೊಸದರ ಅರ್ಧ ಬಂದು ಕೂತುಬಿಟ್ಟಿತ್ತು. ಕಪ್ಪು ಪರದೆಯ ಮೂಲೆಯಲ್ಲಿ ಒಂದು ಬಿಳಿ ಗೆರೆ ಮಿಣುಕುತ್ತಿತ್ತು, ಅಷ್ಟೇ.

ಸಂಜೆ ಬಂದ ಪಂಚಾಕ್ಷರಪ್ಪನವರು ಅದನ್ನು ನೋಡಿ ಬೆವರಿದರು. “ಹಳೇದೂ ಹೋತಾ? ನಾಡಿದ್ದು ಜನರ ಮುಂದೆ ಏನು ತೋರಿಸ್ಲಿ ನಾನು?”

“ಒಂಬತ್ತನೇದು ಕೆಟ್ಟಿದೆ ಸರ್. ಒಳ್ಳೇದು ಸಿಕ್ಕಿದ್ರೆ ಆಗುತ್ತೆ.”

“ಎಲ್ಲಿಂದನಾ ತಾರವ್ವ. ಆಗ್ಲಿಲ್ಲ ಅಂದ್ರೆ ಮಾತ್ರ ನನ್ನ ಏನೂ ಕೇಳಬ್ಯಾಡ.”

ಏನನ್ನು ಕೇಳಬಾರದೆಂದು ಅವಳಿಗೆ ಅರ್ಥವಾಯಿತು.

ಗುರುವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ, ತೊಡೆಯ ಮೇಲೆ ಇಟ್ಟುಕೊಂಡು ಶಿಕಾರಿಪುರದ ಬಸ್ಸಿನಲ್ಲಿ ಕೂತಳು. ಅಲ್ಲಿ ಮಾಲತೇಶ್ ಎಂಬಾತ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಜೋಡಿಸಿ ಅಚ್ಚು ಹಾಕಿಸಿಕೊಡುವ ಅಂಗಡಿ ಇಟ್ಟಿದ್ದ. ಅವನ ಬಳಿ ಹದಿಮೂರರ ಇನ್ನೊಂದು ಕಟ್ಟಿತ್ತು. ಒಂಬತ್ತನೆಯದನ್ನು ಹುಡುಕಿ ಕೊಟ್ಟ. ಮೈತ್ರಿ ಅವನ ಮೇಜಿನ ತುದಿಯಲ್ಲೇ ಕೂತು ಮೊದಲಿನಿಂದ ಶುರು ಮಾಡಿದಳು. ಈ ಸಲ ಪಟ್ಟಿ ಎಲ್ಲೂ ನಿಲ್ಲಲಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಪರದೆಯ ತುಂಬ ಮೋಡದ ಚಿತ್ರ ಬಂತು. ಸಣ್ಣ ಯಂತ್ರಕ್ಕೆ ಆ ಭಾರ ಹೆಚ್ಚೇ; ಒಂದು ಕಿಟಕಿ ತೆರೆಯಲು ಐದಾರು ಸಲ ಉಸಿರೆಳೆದುಕೊಂಡಂತೆ ಸದ್ದು ಮಾಡುತ್ತಿತ್ತು. ಆದರೂ ನಡೆಯಿತು.

“ಮೇಡಂ, ನಿಮ್ಮ ಮದ್ವೆ ಪತ್ರಿಕೆ ನಮ್ಮಲ್ಲೇ ಹಾಕಿಸ್ಬೇಕು ನೋಡ್ರಿ,” ಎಂದ ಮಾಲತೇಶ್.

“ಯಾರ ಮದ್ವೆ?”

“ನಿಮ್ದೇ ರೀ. ನಿಶ್ಚಯ ಆಗೇತಂತಲ್ಲ, ಪಂಚಾಕ್ಷರಪ್ಪನೋರು ಹೇಳಿದ್ರು. ನಾನೂ ಒಂದು ಕೆಲಸಕ್ಕೆ ನಿಮ್ಮನ್ನ ಕೇಳೋಣಂತಿದ್ದೆ. ಮದ್ವೆ ಆಗಿ ಹೋಗೋರು, ಬ್ಯಾಡ ಬಿಡಪ್ಪ ಅಂದ್ರು.”

ಮೈತ್ರಿ ವೈರು ಸುತ್ತಿ ಚೀಲಕ್ಕೆ ಹಾಕಿದಳು. ಆ ಸುಳ್ಳು ಒಂದು ಪತ್ರದಲ್ಲಿದೆ ಎಂದುಕೊಂಡಿದ್ದಳು. ಅದು ಅವಳಿಗಿಂತ ಮೊದಲೇ ಊರೂರು ತಿರುಗಿ ಬಂದಿತ್ತು.

ಶುಕ್ರವಾರ ಉದ್ಘಾಟನೆಗೆ ಕೆಂಪಪ್ಪನೂ ಬಂದಿದ್ದರು. ಮಗಳಿಗೆ ಅದು ಗೊತ್ತೇ ಇರಲಿಲ್ಲ. ಪಂಚಾಕ್ಷರಪ್ಪನವರು ಹೊಸಬಾಳೆಗೆ ಜೀಪು ಕಳಿಸಿ ಕರೆಸಿಕೊಂಡಿದ್ದರು. ಮೊದಲ ಸಾಲಿನಲ್ಲಿ ಕೂರಿಸಿ, ಹಾರ ಹಾಕಿ, ಶಾಲು ಹೊದಿಸಿದರು. ಮೈತ್ರಿ ಲ್ಯಾಪ್‌ಟಾಪ್ ತೆರೆದು ಮೋಡದ ಚಿತ್ರ ತೋರಿಸಿದಾಗ ಜನ ಚಪ್ಪಾಳೆ ತಟ್ಟಿದರು. ಆಗ ಪಂಚಾಕ್ಷರಪ್ಪನವರು ಮೈಕು ಹಿಡಿದು, “ಇನ್ನು ಈ ಶಾಖೆ ಪೂರಾ ನಮ್ಮ ಮೈತ್ರಮ್ಮಂದೇ. ಏನಂತೀರಿ ಕೆಂಪಪ್ಪನೋರೆ?” ಎಂದರು. ಅಷ್ಟು ಜನರ ನಡುವೆ, ಶಾಲು ಹೊದ್ದುಕೊಂಡು, ಕೆಂಪಪ್ಪ ಎದ್ದು ಕೈಮುಗಿದು, “ತಮ್ಮ ದಯ,” ಎಂದರು.

ಕಾರ್ಯಕ್ರಮ ಮುಗಿದಾಗ ಮೈತ್ರಿ ನೇರವಾಗಿ ಹೋಗಿ ಕೈ ಚಾಚಿದಳು. ಅವರು ನಗುತ್ತಲೇ ಕಂದು ಬಣ್ಣದ ಲಕೋಟೆಯೊಂದನ್ನು ಕೊಟ್ಟರು. ಬಾಯಿಗೆ ಅಂಟು ಹಚ್ಚಿತ್ತು. “ಇಲ್ಲೇ ಹರೀಬ್ಯಾಡ. ನನ್ನ ಮ್ಯಾಲೆ ಅಷ್ಟೂ ನಂಬಿಕಿ ಇಲ್ಲೇನು?”

ಬಸ್ಸು ಹೊರಟ ಮೇಲೆ ಅವಳು ಲಕೋಟೆ ಹರಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಬಿ.ಎಸ್ಸಿ. ಕೊನೆಯ ವರ್ಷದ್ದು ಇರಲಿಲ್ಲ. ಲಕೋಟೆಯನ್ನು ಬೋರಲು ಹಾಕಿ ಕೊಡವಿದಳು. ಸೀಟಿನ ಕೆಳಗೆ ನೋಡಿದಳು.

“ಮರ್ತಿರ್ತಾರೆ ಬಿಡು,” ಎಂದರು ಕೆಂಪಪ್ಪ.

“ಮರ್ತಿಲ್ಲ ಅಪ್ಪ.” ಅವಳು ಸಾಗರದ ಪತ್ರದ ವಿಷಯ ಹೇಳಿದಳು, ಮಾಲತೇಶ್ ಆಡಿದ್ದನ್ನೂ ಹೇಳಿದಳು. ಕೆಂಪಪ್ಪ ಹೆಗಲ ಮೇಲಿದ್ದ ಶಾಲನ್ನು ತೆಗೆದು ಮಡಚಿ ತೊಡೆಯ ಮೇಲಿಟ್ಟುಕೊಂಡರು.

ಶನಿವಾರ ಸೊರಬದ ಸೆಂಟರಿನ ಬಾಗಿಲು ತೆರೆಯುವುದಕ್ಕೂ ಮೊದಲೇ ಮೈತ್ರಿ ಮೆಟ್ಟಿಲ ಮೇಲೆ ಕಾದಿದ್ದಳು. ಪಂಚಾಕ್ಷರಪ್ಪನವರು ಬಂದ ಕೂಡಲೇ ಕೇಳಿದಳು. “ಕೊನೇ ವರ್ಷದ್ದು ಎಲ್ಲಿ ಸರ್?”

“ಒಂದು ನನ್ನ ಹತ್ರ ಇರ್ಲಿ ಬಿಡವ್ವ.”

“ಜುಲೈನಲ್ಲಿ ಸಾಗರಕ್ಕೆ ಬರೆದ ಪತ್ರ ಓದಿದೆ.”

ಅವರು ನಾಚುತ್ತಾರೆ, ಇಲ್ಲವೇ ರೇಗುತ್ತಾರೆ ಎಂದುಕೊಂಡಿದ್ದಳು. ಎರಡೂ ಆಗಲಿಲ್ಲ. ಅವರು ಬಾಗಿಲು ತೆಗೆದು ಒಳಗೆ ಹೋಗಿ ಕುರ್ಚಿಯಲ್ಲಿ ಕೂತು, ಶಿಕಾರಿಪುರದಿಂದ ತಂದಿದ್ದ ಲ್ಯಾಪ್‌ಟಾಪಿನ ಮುಚ್ಚಳ ತೆಗೆಯಲು ಅದರ ಕೊಂಡಿಯನ್ನು ಹುಡುಕಿದರು, ಸಿಗಲಿಲ್ಲ. ಕೊನೆಗೆ ಅದನ್ನು ಅವಳ ಕಡೆಗೇ ಸರಿಸಿದರು.

“ನೋಡಿದ್ಯಾ? ಇದರ ಬಾಯಿ ತೆಗ್ಯಾಕೂ ಬರಂಗಿಲ್ಲ ನನಗೆ. ಎರಡು ಕಡೆ ಅಂಗಡಿ ಹಾಕೀನಿ, ನಿನ್ನೊಬ್ಬಳನ್ನ ನಂಬಿ. ನೀನು ಹೋದ್ರೆ ನಾನೇನು ಮಾಡ್ಲಿ, ಹೇಳು ನೀನೇ.”

ಅವರು ಸುಳ್ಳು ಹೇಳುತ್ತಿರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

“ಬೇರೆಯವರಿಗೆ ಕಲಿಸಿಕೊಟ್ಟು ಹೋಗ್ತೀನಿ ಸರ್.”

“ಕಲಿತ್ರೆ ಅವರೂ ಹೋಗ್ತಾರೆ,” ಎಂದರು ಪಂಚಾಕ್ಷರಪ್ಪನವರು.

ಸೋಮವಾರ ಅವಳು ಐದು ಅಂಕಪಟ್ಟಿಗಳನ್ನೂ ಒಂದು ಜೆರಾಕ್ಸನ್ನೂ ಹಿಡಿದು ಶಿವಮೊಗ್ಗಕ್ಕೆ ಹೋದಳು. ಕೇಳಿದ್ದಕ್ಕೆಲ್ಲ ಉತ್ತರಿಸಿದಳು. ಅವಳ ಪಾಠದ ರೀತಿ ಪ್ರಿನ್ಸಿಪಾಲರಿಗೆ ಹಿಡಿಸಿತು. ಕೊನೆಗೆ ಅವರು ಜೆರಾಕ್ಸನ್ನು ಬದಿಗಿಟ್ಟು, “ಹದಿನೈದು ದಿನದೊಳಗೆ ಮೂಲ ಪ್ರತಿ ತಂದುಕೊಡಿ, ಆರ್ಡರ್ ಕೊಡ್ತೀವಿ,” ಎಂದರು.

ಹದಿನೈದು ದಿನದಲ್ಲಿ ಕೆಂಪಪ್ಪ ಮೂರು ಸಲ ಪಂಚಾಕ್ಷರಪ್ಪನವರ ಮನೆಗೆ ಹೋದರು. ಮೂರು ಸಲವೂ ಕಾಫಿ ಕೊಟ್ಟು ಉಪಚರಿಸಿದರು, ಅಂಕಪಟ್ಟಿ ಕೊಡಲಿಲ್ಲ.

ವಿಶ್ವವಿದ್ಯಾಲಯದಿಂದ ಇನ್ನೊಂದು ಪ್ರತಿ ತೆಗೆಸಬಹುದು ಎಂದು ಶಿವಮೊಗ್ಗದ ಗುಮಾಸ್ತರು ಹೇಳಿದ್ದರು. ಅದಕ್ಕೆ ಅರ್ಜಿ ಬೇಕು, ಜೊತೆಗೆ ಅಂಕಪಟ್ಟಿ ಕಳೆದಿದೆ ಎಂದು ಪೊಲೀಸ್ ಠಾಣೆಯ ಪತ್ರ ಬೇಕು. ಕಳೆದಿಲ್ಲ, ಇನ್ನೊಬ್ಬರು ಇಟ್ಟುಕೊಂಡಿದ್ದಾರೆ ಎಂದು ಬರೆಯಲು ಆ ಅರ್ಜಿಯಲ್ಲಿ ಜಾಗವಿರಲಿಲ್ಲ. ಹಾಗೆಂದು ದೂರು ಕೊಟ್ಟರೆ ಕೇಸಾಗುತ್ತದೆ, ಕೋರ್ಟಾಗುತ್ತದೆ, ವರ್ಷಗಳು ಹಿಡಿಯುತ್ತವೆ.

ಠಾಣೆಯ ಗೇಟಿನವರೆಗೆ ಕೆಂಪಪ್ಪ ಜೊತೆಗೆ ಬಂದರು. “ನಾನು ಒಳಗೆ ಬರಲ್ಲ ಮಗಾ. ನೀನು ಸುಳ್ಳು ಹೇಳೋದನ್ನ ನಿಂತು ಕೇಳಕ್ಕಾಗಲ್ಲ ನನ್ನ ಕೈಲಿ. ಹೋಗು, ಹೇಳು.”

ಒಳಗೆ ದೂರು ಬರೆದುಕೊಳ್ಳುವ ರೈಟರು ಪೆನ್ನು ಹಿಡಿದು ಕೇಳಿದರು. “ಆರರಲ್ಲಿ ಇದೊಂದೇ ಕಳೀತಾ? ಅದು ಹೆಂಗಮ್ಮ?”

“ಜೆರಾಕ್ಸ್ ಮಾಡ್ಸಕ್ಕೆ ಅದೊಂದನ್ನೇ ತಗೊಂಡು ಹೋಗಿದ್ದೆ ಸರ್.”

“ಎಲ್ಲಿ?”

“ಶಿರಾಳಕೊಪ್ಪದ ಬಸ್ ಸ್ಟ್ಯಾಂಡಲ್ಲಿ. ಬೆಂಚಿನ ಮೇಲೆ ಇಟ್ಟಿದ್ದೆ. ಬಸ್ ಬಂತು ಅಂತ ಎದ್ದೆ.”

ರೈಟರು ಬರೆದುಕೊಂಡರು.

ಹೊಸ ಪ್ರತಿ ಬರುವಷ್ಟರಲ್ಲಿ ಮಾರ್ಚ್ ಆಯಿತು. ಶಿವಮೊಗ್ಗದ ಕೆಲಸ ಅಷ್ಟು ದಿನ ಕಾಯಲಿಲ್ಲ. ಆಗಲೂ ಆಮೇಲೂ ಮೈತ್ರಿ ದಿನವೂ ಬೆಳಗಿನ ಬಸ್ಸು ಹಿಡಿದು ಶಿಕಾರಿಪುರದ ಶಾಖೆಗೆ ಹೋಗಿ ಪಾಠ ಹೇಳಿದಳು. ಪಂಚಾಕ್ಷರಪ್ಪನವರು ಬಂದವರಿಗೆಲ್ಲ ಅವಳನ್ನು ಮಗಳೆಂದೇ ಪರಿಚಯಿಸುತ್ತಿದ್ದರು. ಜೂನಿನಲ್ಲಿ ಹಾನಗಲ್ಲಿನ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಅವಳು ಮುಂಚೆ ಯಾರಿಗೂ ಹೇಳದೆ, ಒಂದು ಸೋಮವಾರ ಶಿಕಾರಿಪುರಕ್ಕೆ ಹೋಗದೆ ಹಾನಗಲ್ಲಿಗೆ ಹೋದಳು.

ಆ ಅಂಕಪಟ್ಟಿಯ ಮೇಲೆ ‘ನಕಲು ಪ್ರತಿ’ ಎಂಬ ಕೆಂಪು ಮುದ್ರೆ ಇದೆ. ಹಾನಗಲ್ಲಿನಲ್ಲೂ, ಆಮೇಲೆ ಹೋದ ಕಡೆಗಳಲ್ಲೂ ಅದನ್ನು ನೋಡಿದವರು ತಲೆ ಎತ್ತಿ, ಮೂಲ ಪ್ರತಿ ಏನಾಯಿತು ಎಂದು ಕೇಳುತ್ತಾರೆ. ಮೈತ್ರಿ ಶಿರಾಳಕೊಪ್ಪದ ಬೆಂಚಿನ ಕಥೆ ಹೇಳುತ್ತಾಳೆ. ಒಮ್ಮೆ ಯಾರೋ, ಆ ಬೆಂಚು ಕಲ್ಲಿನದೋ ಮರದ್ದೋ ಎಂದು ತಮಾಷೆಗೆ ಕೇಳಿದ್ದರು. ಕಲ್ಲಿನದು ಎಂದು ಅವಳು ತಡವರಿಸದೆ ಹೇಳಿದ್ದಳು.