ಬಿಳಿ ರಂಜಕ

ಮುಸ್ಸಂಜೆಯ ಹೊತ್ತು ಹಿತ್ತಲಿನ ಹಗ್ಗದ ಮೇಲೆ ಅತ್ತೆಯ ಸೀರೆ ಹೊಳೆಯುತ್ತಿತ್ತು. ಅದು ದೀಪದ ಹೊಳಪಲ್ಲ, ನೀರಿನದೂ ಅಲ್ಲ. ಹಸಿರಿಗೆ ತುಸು ಹತ್ತಿರವಾದ, ಉಸಿರಿನಂತೆ ಏರಿಳಿಯುವ ಮಂಕು ಬೆಳಕು. ಒಗೆಯುವ ಮುನ್ನ ಗಾಳಿಗೆಂದು ಹರವಿದ ಆ ಸೀರೆಯ ಸೆರಗಿನಲ್ಲಿ ಬೆಳಕು ಹೆಚ್ಚು, ನೆರಿಗೆಗಳಲ್ಲಿ ಕಡಿಮೆ. ಎಲ್ಲರ ಮನೆಯ ಸೀರೆಗಳೂ ಹೀಗೆಯೇ ಎಂದು ಬಾಲ್ಯದಲ್ಲಿ ನಾನು ತಿಳಿದಿದ್ದೆ. ನಮ್ಮ ಬೀದಿಯ ಮಟ್ಟಿಗೆ ಅದು ತಪ್ಪೂ ಆಗಿರಲಿಲ್ಲ. ಬೀದಿಯ ಹೆಂಗಸರಲ್ಲಿ ಬಹುಪಾಲು ಜನ ಬೆಂಕಿಪೊಟ್ಟಣದ ಕಾರ್ಖಾನೆಗೆ ಹೋಗುತ್ತಿದ್ದರು. ಕಡ್ಡಿಯ ತುದಿಗೆ ಮದ್ದು ಅದ್ದುವ ಕೋಣೆಯಲ್ಲಿ ದುಡಿದವರ ಬಟ್ಟೆಯೆಲ್ಲ ಕತ್ತಲಾಗುತ್ತಲೇ ಹೀಗೆ ಹೊಳೆಯುತ್ತಿತ್ತು.

ಅತ್ತೆ ಎಂದರೆ ನನ್ನ ತಂದೆಯ ತಂಗಿ, ಚಿಕ್ಕತಾಯಮ್ಮ. ತಂದೆತಾಯಿ ಒಂದೇ ಜ್ವರದಲ್ಲಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಅವಳ ಸೊತ್ತು ಏನಾದರೂ ಇದ್ದರೆ ಅದು ಅವಳ ಮಾತು. ಮದ್ದಿನ ಕೋಣೆಯ ಮೇಸ್ತ್ರಿ ಒಮ್ಮೆ ಸಿಟ್ಟಿನಿಂದ, "ನಿನ್ನ ನಾಲಿಗೆಗೆ ಬೆಂಕಿ ಇಡಬೇಕು" ಎಂದಾಗ ಅವಳು, "ಇಡಿ ಮೇಸ್ತ್ರಿಗಳೇ, ಅದರಲ್ಲೇ ಒಲೆ ಹಚ್ಕೊಳ್ಳಿ, ಮಾಲೀಕರಿಗೆ ಒಂದು ಕಡ್ಡಿನಾದ್ರೂ ಉಳೀಲಿ" ಎಂದಳಂತೆ. ಆ ಮಾತನ್ನು ಹೆಂಗಸರು ವಾರಗಟ್ಟಲೆ ಹೇಳಿಕೊಂಡು ನಕ್ಕರು. ನಲ್ಲಿಯ ಸಾಲಿನಲ್ಲಿ ಜಗಳವಾದರೆ, ಯಾರ ಮನೆಯಲ್ಲಾದರೂ ಗಂಡ ಕೈಯೆತ್ತಿದರೆ, ಮೊದಲು ಕೂಗುತ್ತಿದ್ದುದು ಅವಳನ್ನೇ.

ನಾನು ಪರವೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಲು ಹೋದ ಮೇಲೆ ಆ ಹೊಳಪಿನ ಹೆಸರು ತಿಳಿಯಿತು. ಅದು ಬಿಳಿ ರಂಜಕ. ಗಾಳಿ ತಗುಲಿದರೆ ತಾನಾಗಿ ಉರಿಯುವ, ಆವಿಯಾಗಿ ಉಸಿರಿನೊಳಗೆ ಸೇರುವ ವಿಷ. ಅದೇ ಮೂಲವಸ್ತುವಿನ ಇನ್ನೊಂದು ರೂಪ ಕೆಂಪು ರಂಜಕ. ಅದು ಹೊಳೆಯುವುದಿಲ್ಲ, ಹೊಗೆಯಾಡುವುದಿಲ್ಲ, ಮನುಷ್ಯರನ್ನು ಮುಟ್ಟುವುದಿಲ್ಲ. ಬಿಳಿಯ ಆವಿ ಹುಳುಕುಹಲ್ಲಿನ ಸಂದಿಯಿಂದ ದವಡೆಯ ಮೂಳೆಗೆ ಇಳಿಯುತ್ತದೆ. ಮೊದಲು ಹಲ್ಲುನೋವು, ಆಮೇಲೆ ಬಾವು, ಆಮೇಲೆ ಕೀವು. ಕೊನೆಗೆ ಮೂಳೆಯೇ ಕೊಳೆಯುತ್ತದೆ. ನಮ್ಮ ಬೀದಿಯಲ್ಲಿ ಅದನ್ನು ದವಡೆಬೇನೆ ಎನ್ನುತ್ತಿದ್ದರು ಮತ್ತು ಹಣೆಬರಹವೆಂದು ಸುಮ್ಮನಿರುತ್ತಿದ್ದರು.

ಸುಮ್ಮನಿರಬಾರದು ಎಂದವರು ಪುಟ್ಟಬಸವಯ್ಯ ಮೇಷ್ಟ್ರು. ನಿವೃತ್ತರಾದ ಮೇಲೆ ಅವರು ಎಣ್ಣೆ ಅಂಗಡಿಯ ಮಹಡಿಯಲ್ಲಿ ಒಂದು ವಾಚನಾಲಯ ತೆರೆದು, ಕೆಲಸಗಾರರ ಹಿತಚಿಂತನೆಗೆಂದು ಸಂಘ ಕಟ್ಟಿದರು. ಅವರು ಬರೆದು ಕೊಟ್ಟದ್ದನ್ನು ಬೀದಿಯ ಭಾಷೆಗೆ ತಿರುಗಿಸಿ ಕೂಗಿದವಳು ಅತ್ತೆ. ಆ ಹೋರಾಟಕ್ಕೆ ಅರ್ಧ ಗೆಲುವು ಸಿಕ್ಕಿತು. ಪುರಸಭೆಯ ವೈದ್ಯರು ತಿಂಗಳಿಗೊಮ್ಮೆ ಕಾರ್ಖಾನೆಗೆ ಬಂದು ಪ್ರತಿಯೊಬ್ಬಳ ಬಾಯಿ ನೋಡಬೇಕು, ಹಲ್ಲು ಹುಳುಕಾದವಳನ್ನು ಮದ್ದಿನ ಕೋಣೆಯಿಂದ ಹೊರಗೆ ಕಳಿಸಬೇಕು ಎಂದು ನಿಯಮವಾಯಿತು. ಹಾಗೆ ಹೊರಗೆ ಹೋದವಳಿಗೆ ಗುಣವಾಗುವವರೆಗೆ ಅರ್ಧ ಕೂಲಿ ಕೊಡಬೇಕು ಎಂಬ ಸಾಲೂ ಮೇಷ್ಟ್ರ ಮನವಿಯಲ್ಲಿ ಇತ್ತು. ಪುರಸಭೆಯ ಸದಸ್ಯರು ಅದೊಂದು ಸಾಲನ್ನು ಹೊಡೆದುಹಾಕಿದರು. ಪರೀಕ್ಷೆ ಉಳಿಯಿತು, ಕೂಲಿ ಹೋಯಿತು. ಇಷ್ಟಾದರೂ ಆಯಿತಲ್ಲ ಎಂದು ಅಂದು ಎಲ್ಲರೂ ಬೆಲ್ಲ ಹಂಚಿದರು.

ಮರುವರ್ಷ ನಾನು ರಜೆಗೆ ಬಂದಾಗ ಮೇಷ್ಟ್ರು ಇನ್ನೂ ದೊಡ್ಡ ಹೆಜ್ಜೆಗೆ ಸಿದ್ಧರಾಗಿದ್ದರು. ಅಮೆರಿಕದಲ್ಲಿ ನಡೆದ ಸಂಗತಿಯನ್ನು ಅವರು ಎಲ್ಲಿಯೋ ಓದಿದ್ದರು. ಅಲ್ಲಿ ಸುಧಾರಣೆಯ ಗಾಳಿ ಬಲವಾಗಿ ಬೀಸುತ್ತಿದ್ದ ಕಾಲದಲ್ಲಿ, ಕೆಲಸಗಾರರ ಕೊಳೆತ ದವಡೆಗಳ ವಿವರವನ್ನು ಒಬ್ಬೊಬ್ಬರನ್ನೇ ಹುಡುಕಿ ಸಂಗ್ರಹಿಸಿದ್ದರಂತೆ. ಅಲ್ಲಿನ ಸರ್ಕಾರ ಬಿಳಿ ರಂಜಕದ ಕಡ್ಡಿಯನ್ನು ನೇರವಾಗಿ ನಿಷೇಧಿಸುವ ಬದಲು, ಮಾಡಿದರೆ ಲಾಭವೇ ಉಳಿಯದಂಥ ತೆರಿಗೆ ಹಾಕಿತಂತೆ.

"ನಮ್ಮ ಪುರಸಭೆಗೆ ಕಾರ್ಖಾನೆ ಮುಚ್ಚಿಸೋ ಅಧಿಕಾರ ಇಲ್ಲ. ಆದ್ರೆ ಊರಿನ ನಾಕಾದಲ್ಲಿ ಸುಂಕ ಹಾಕೋ ಅಧಿಕಾರ ಇದೆ ನೋಡಿ," ಎಂದು ಮೇಷ್ಟ್ರು ಮೇಜು ಕುಟ್ಟಿ ಹೇಳಿದರು. "ಬಿಳಿ ರಂಜಕದ ಡಬ್ಬ ಊರೊಳಕ್ಕೆ ಬರೋವಾಗ ಕೈ ಸುಡೋ ಅಷ್ಟು ಸುಂಕ ಹಾಕಿಬಿಡೋಣ. ಕೆಂಪಿಗೆ ಏನೂ ಬೇಡ. ಆಮೇಲೆ ಗುರುಶಾಂತಪ್ಪನವರೇ ಕೆಂಪಿನ ಭಜನೆ ಮಾಡ್ತಾರೆ."

ಕಾರ್ಖಾನೆಯ ಮಾಲೀಕರಾದ ಗುರುಶಾಂತಪ್ಪನವರು ಸಿಟ್ಟಾಗಲಿಲ್ಲ. ಅವರು ಪುರಸಭೆಗೆ ಕೊಟ್ಟ ಉತ್ತರ ಚಿಕ್ಕದಾಗಿತ್ತು. ಪರೀಕ್ಷೆ ಆರಂಭವಾದಂದಿನಿಂದ ಪುರಸಭೆಯ ವೈದ್ಯರಿಗೇ ಒಂದೂ ರೋಗದ ಬಾಯಿ ಸಿಕ್ಕಿಲ್ಲ. ಇಲ್ಲದ ರೋಗಕ್ಕೆ ಸುಂಕವೇಕೆ? ಈ ಉತ್ತರ ಮೇಷ್ಟ್ರನ್ನು ಕಂಗೆಡಿಸಿತು. ನನ್ನನ್ನೂ ಕಂಗೆಡಿಸಿತು, ಏಕೆಂದರೆ ಅದು ನಾನು ಓದಿದ್ದಕ್ಕೆಲ್ಲ ವಿರುದ್ಧವಾಗಿತ್ತು.

ಆ ಭಾನುವಾರ ಮಧ್ಯಾಹ್ನ ಅತ್ತೆ ಬಲಗಡೆಯಲ್ಲಿ ಮಾತ್ರ ಅಗಿಯುತ್ತಿರುವುದನ್ನು ಗಮನಿಸಿದೆ. ಎಡಗೆನ್ನೆಯೊಳಗೆ ಲವಂಗ ಒತ್ತಿಟ್ಟಿದ್ದಳು. ಜೊತೆಯ ಕೆಲಸದವರಾದ ಜೈಬೂ ಮತ್ತು ಹೊನ್ನಮ್ಮ ಎಂದಿನಂತೆ ಜಗಲಿಗೆ ಬಂದು ಕುಳಿತಿದ್ದರು. ಜೈಬೂ ಇಪ್ಪತ್ತು ದಾಟದ, ಸದಾ ನಗುವ ಹುಡುಗಿ; ಹೊನ್ನಮ್ಮ ಗಂಡನಿಲ್ಲದ, ಮೂರು ಮಕ್ಕಳ ತಾಯಿ.

"ಅತ್ತೆ, ಡಾಕ್ಟರು ನೋಡಿ ಏನೂ ಹೇಳ್ಲಿಲ್ವಾ?" ಎಂದು ಕೇಳಿದೆ.

ಜೈಬೂ ಕಿಸಕ್ಕನೆ ನಕ್ಕಳು. "ಹೇಳಿದ್ರಲ್ಲ! 'ಚಿಕ್ಕತಾಯಮ್ಮ, ನಿನ್ನ ಹಲ್ಲು ಮುತ್ತು ಪೋಣಿಸಿದ ಹಾಗಿದೆ' ಅಂದ್ರು. ನಾನೇ ಕೇಳಿಸ್ಕೊಂಡೆ."

"ನೀನು ಪಕ್ಕದಲ್ಲಿದ್ಯಾ?"

"ಪಕ್ಕದಲ್ಲಿ ಯಾಕಿರ್ಲಿ? ಹಲ್ಲೇ ನಂದು."

ಹೊನ್ನಮ್ಮ ಅವಳ ತೊಡೆಗೆ ಹೊಡೆದಳು. ಆದರೆ ಮಾತು ಹೊರಬಿದ್ದಾಗಿತ್ತು. ನಾನು ಅತ್ತೆಯ ಮುಖ ನೋಡಿದೆ. ಅವಳು ಅಂಗಳದ ಕಡೆ ತಿರುಗಿಕೊಂಡಳು.

ನಡೆಯುತ್ತಿದ್ದುದು ಇಷ್ಟು. ಪರಪುರುಷನೆದುರು ಬಾಯಿ ಅಗಲಿಸುವುದು ಹೆಂಗಸರಿಗೆ ನಾಚಿಕೆಯ ವಿಷಯ. ಆದ್ದರಿಂದ ಅವರು ಸೆರಗನ್ನು ಕಣ್ಣು ಮೂಗುಗಳ ಮೇಲೆ ಎಳೆದುಕೊಂಡು ಬಾಯಿಯನ್ನು ಮಾತ್ರ ತೆರೆಯುತ್ತಿದ್ದರು. ವೈದ್ಯರಾದ ವರದಯ್ಯನವರು ಮರ್ಯಾದಸ್ಥರು. ಸೆರಗು ಸರಿಸಿ ಎಂದು ಒಮ್ಮೆಯೂ ಹೇಳಲಿಲ್ಲ. ಪ್ರತಿಯೊಬ್ಬಳ ಕೈಯಲ್ಲಿದ್ದ, ಕಾರ್ಖಾನೆ ಕೊಟ್ಟ ಹಿತ್ತಾಳೆಯ ಬಿಲ್ಲೆಯ ಮೇಲಿನ ಅಂಕಿಯನ್ನು ಗುಮಾಸ್ತ ಓದುತ್ತಿದ್ದ, ವೈದ್ಯರು ಹಲ್ಲು ನೋಡುತ್ತಿದ್ದರು. ಹಲ್ಲುನೋವಿನವರು ತಮ್ಮ ಬಿಲ್ಲೆಯನ್ನು ಜೈಬೂಳ ಕೈಗಿಡುತ್ತಿದ್ದರು. ಅವಳು ಮೇಲುಹೊದಿಕೆ ಬದಲಿಸಿಕೊಂಡು ಮತ್ತೆ ಮತ್ತೆ ಸಾಲಿಗೆ ನಿಲ್ಲುತ್ತಿದ್ದಳು. ಊರಿನ ಆರೋಗ್ಯವೆಲ್ಲ ಒಂದು ಹುಡುಗಿಯ ಬಾಯಿಯೊಳಗಿತ್ತು.

"ನಾವೇ ಬೀದಿಗಿಳಿದು ತಂದ ಪರೀಕ್ಷೆ," ಎಂದಳು ಅತ್ತೆ, ಇನ್ನೂ ಅಂಗಳವನ್ನೇ ನೋಡುತ್ತ. "ಅದನ್ನ ನಾವೇ ಕುರುಡು ಮಾಡಿದ್ವಿ. ಈಗ ಅದನ್ನೇ ಹಿಡ್ಕೊಂಡು ಆ ಗುರುಶಾಂತಪ್ಪ ನಮ್ಮನ್ನ ಹೊಡೀತಾನೆ."

"ಹೇಳ್ಬೇಡ ತಾಯಮ್ಮಕ್ಕ," ಎಂದಳು ಹೊನ್ನಮ್ಮ. "ಹೇಳಿದ್ರೆ ಅರ್ಧ ಕೋಣೆ ಖಾಲಿ. ದವಡೆ ಕೊಳೆಯೋಕೆ ವರ್ಷ ಹಿಡಿಯುತ್ತೆ. ಮಕ್ಕಳು ನಾಳೆ ಬೆಳಿಗ್ಗೆನೇ ಎದ್ದು ತಟ್ಟೆ ಇಟ್ಕೋತಾವೆ."

"ನಾನೇನು ಹೇಳ್ತೀನಿ ಅಂದ್ನಾ? ಹೋಗ್ಲಿ, ಒಂದು ಲವಂಗ ಇದ್ರೆ ಕೊಡು," ಎಂದಳು ಅತ್ತೆ.

ಸುಂಕದ ವಿಚಾರಣೆ ಪುರಸಭೆಯ ಸಭಾಂಗಣದಲ್ಲಿ ನಡೆಯಿತು. ಹೊರಗೆ ಮೋಡ ಕವಿದು ಮಧ್ಯಾಹ್ನವೇ ಸಂಜೆಯಂತಾಗಿತ್ತು. ದೀಪ ಹಚ್ಚುವ ಯೋಚನೆ ಇನ್ನೂ ಯಾರಿಗೂ ಬಂದಿರಲಿಲ್ಲ. ಹಿಂದಿನ ಬೆಂಚುಗಳಲ್ಲಿ ಕಾರ್ಖಾನೆಯ ಹೆಂಗಸರು, ಅವರ ನಡುವೆ ನಾನು. ವರದಯ್ಯನವರು ಎದ್ದು, ತಾವು ಕಂಡದ್ದನ್ನು ಕಂಡಂತೆ ಹೇಳಿದರು: ಎಲ್ಲ ಬಾಯಿಗಳೂ ಸ್ವಚ್ಛ. ಗುರುಶಾಂತಪ್ಪನವರು ಕೈ ಜೋಡಿಸಿಕೊಂಡೇ ಮಾತನಾಡಿದರು. "ಕೆಂಪು ರಂಜಕದ ಕಡ್ಡಿ ಅದರ ಪೊಟ್ಟಣಕ್ಕೆ ಗೀರಿದ್ರೆ ಮಾತ್ರ ಹತ್ತುತ್ತೆ ಸ್ವಾಮಿ. ನಮ್ಮ ಗಿರಾಕಿ ಗೋಡೆಗೆ ಗೀರ್ತಾನೆ, ಕೆರಕ್ಕೆ ಗೀರ್ತಾನೆ. ಕೆಂಪು ಮಾಡಿದ್ರೆ ಕಾರ್ಖಾನೆ ಮುಳುಗುತ್ತೆ. ಇಷ್ಟು ಜನರ ಅನ್ನ ಕೀಳೋದಾದ್ರೆ ರೋಗ ಎಲ್ಲಿದೆ ಅಂತ ತೋರಿಸಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ನಿಂತರು. ಆಗ ಅತ್ತೆ ಎದ್ದಳು.

ಪಾಳಿ ಮುಗಿಸಿ ನೇರವಾಗಿ ಬಂದಿದ್ದಳು. ಆ ಮಬ್ಬಿನಲ್ಲಿ ಬೆಂಚುಗಳ ನಡುವಿನ ದಾರಿಯಲ್ಲಿ ಅವಳು ನಡೆದು ಹೋಗುವಾಗ, ಬಾಯಿಗೆ ಅಡ್ಡ ಹಿಡಿದ ಸೆರಗು ನಮ್ಮ ಹಿತ್ತಲಿನ ಹಗ್ಗದ ಮೇಲೆ ಹೊಳೆದಂತೆಯೇ ಮೆಲ್ಲಗೆ ಹೊಳೆಯಿತು. ಸಭೆಯಲ್ಲಿ ಅದನ್ನು ಮೊದಲ ಸಲ ಕಂಡವರು ಬಹಳ ಮಂದಿ ಇದ್ದರು. ಯಾರೋ "ಅಯ್ಯೋ" ಎಂದರು. ಅತ್ತೆ ಅಧ್ಯಕ್ಷರ ಮೇಜಿನೆದುರು ನಿಂತು ಸೆರಗು ತೆಗೆದಳು, ಬಾಯಿ ತೆರೆದಳು. ಮುಂದಿನ ಸಾಲಿನವರು ಮೂಗಿಗೆ ಕೈವಸ್ತ್ರ ಹಿಡಿದರು.

"ಡಾಕ್ಟರು ಸುಳ್ಳು ಹೇಳ್ಲಿಲ್ಲ ಸ್ವಾಮಿ," ಎಂದಳು. "ನನ್ನ ಬಿಲ್ಲೆ ಅವರ ಮುಂದೆ ಹೋಗಿತ್ತು, ನಾನು ಹೋಗಿರ್ಲಿಲ್ಲ. ನನ್ನ ಬದಲು ಬೇರೆಯವಳು ಬಾಯಿ ತೆರೆದಳು."

"ಯಾರವಳು?" ಎಂದರು ಅಧ್ಯಕ್ಷರು.

"ಮುಖಕ್ಕೆ ಸೆರಗು ಹಾಕ್ಕೊಂಡಿದ್ಲು. ನನಗೂ ಗುರುತು ಸಿಗ್ಲಿಲ್ಲ."

ಸಭೆಯಲ್ಲಿ ನಗು ಹರಿಯಿತು. ಜೈಬೂ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಹೀಗೆ ಮಾಡಿದವರು ಇನ್ನೂ ಎಷ್ಟು ಜನ ಇದ್ದಾರೆ?"

ಅತ್ತೆ ತಿರುಗಿ ನಮ್ಮ ಬೆಂಚುಗಳ ಕಡೆ ನೋಡಿದಳು. ನನ್ನ ಪಕ್ಕದಲ್ಲಿ ಹೊನ್ನಮ್ಮನ ಕೈ ತನ್ನ ಸೆರಗಿನವರೆಗೆ ಏರಿ, ಅಲ್ಲಿಯೇ ನಿಂತಿತು. ಅದು ಮುಂದೆ ಹೋಗಲಿಲ್ಲ. ಆ ಕೈಯನ್ನು ನಾನು ಇಂದಿಗೂ ದೂರಲಾರೆ.

"ನಾನೊಬ್ಬಳೇ ಸ್ವಾಮಿ," ಎಂದಳು ಅತ್ತೆ.

ಅಧ್ಯಕ್ಷರು ವೈದ್ಯರನ್ನು ಕೇಳಿದರು. ವರದಯ್ಯನವರು ಹೆಂಗಸರ ಬೆಂಚುಗಳನ್ನು ಬಹಳ ಹೊತ್ತು ದಿಟ್ಟಿಸಿದರು. ಒಂದೇ ಮುತ್ತಿನ ಸಾಲು ಎಷ್ಟೋ ಬಿಲ್ಲೆಗಳ ಹಿಂದೆ ತಮಗೆ ಕಂಡದ್ದು ಆ ಕ್ಷಣದಲ್ಲಿ ಅವರಿಗೆ ಹೊಳೆದಿರಬೇಕು. ಅವರ ಮುಖ ಕೆಂಪಾಯಿತು. "ನಾನು ಯಾರ ಮುಖವನ್ನೂ ನೋಡಿಲ್ಲ," ಎಂದಷ್ಟೇ ಹೇಳಿ ಕುಳಿತರು.

ಗುರುಶಾಂತಪ್ಪನವರು ಮೆತ್ತಗೆ ಕೇಳಿದರು: "ಒಬ್ಬಳೇ ಅಂತ ಅವಳೇ ಹೇಳಿದಳಲ್ಲ. ಒಬ್ಬಳ ಹಲ್ಲುನೋವಿಗೆ ಊರಿಗೆಲ್ಲ ಸುಂಕವೇ?"

ಸುಂಕದ ಠರಾವು ಬಿದ್ದುಹೋಯಿತು. ಪರೀಕ್ಷೆಯಲ್ಲಿ ವಂಚಿಸಿದ್ದಕ್ಕಾಗಿ ಅತ್ತೆಯ ಬಿಲ್ಲೆಯನ್ನು ಅಂದೇ ಕಿತ್ತುಕೊಂಡು ಕೆಲಸದಿಂದ ತೆಗೆದರು. ಜೊತೆಯವರ ಅನ್ನವನ್ನು ಉಳಿಸಿದ ಒಂದು ಮಾತೇ ಅವರ ದವಡೆಗಳನ್ನು ಉಳಿಸಲಾರದೆ ಹೋಯಿತು. ಬೇರೆ ಯಾವ ಮಾತು ಹೇಳಬಹುದಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಪ್ರತಿ ಸಲವೂ ಹೊನ್ನಮ್ಮನ ಮೂರು ಮಕ್ಕಳು ತಟ್ಟೆ ಇಟ್ಟುಕೊಂಡು ಕುಳಿತಂತೆ ಕಾಣುತ್ತದೆ.

ಕೆಲವೇ ವಾರಗಳಲ್ಲಿ ಅತ್ತೆಯ ಕೆನ್ನೆ ಒಡೆಯಿತು. ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಕೆಳದವಡೆಯನ್ನು ಪೂರ್ತಿ ತೆಗೆಯದಿದ್ದರೆ ಜೀವ ಉಳಿಯದು, ತೆಗೆದರೆ ಮಾತು ಉಳಿಯದು ಎಂದು ಅಲ್ಲಿನ ಶಸ್ತ್ರವೈದ್ಯರು ಬಿಡಿಸಿ ಹೇಳಿದರು. ಅತ್ತೆ ತಲೆಯಾಡಿಸುತ್ತ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಬಿಎಸ್ಸಿ ಕೂಸೇ, ಎರಡೂ ಉಳಿಯೋ ಲೆಕ್ಕ ನಿನ್ನ ಪುಸ್ತಕದಲ್ಲಿ ಇಲ್ವಾ?" ಎಂದು ಕೇಳಿದಳು. ನಾನು ಅವಳ ಕಾಲನ್ನು ಒತ್ತುತ್ತ ಕುಳಿತೆ.

ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಮೇಷ್ಟ್ರು ಬಂದರು. ಮಂಚದ ಪಕ್ಕದಲ್ಲಿ ನಿಂತು, "ತಾಯಮ್ಮ, ನನ್ನದು ತಪ್ಪಾಯ್ತು" ಎಂದರು. ಬಾವಿನಿಂದ ಅವಳ ಮಾತು ಆಗಲೇ ತೊದಲುತ್ತಿತ್ತು. ಆದರೂ ಒಂದೊಂದೇ ಪದವನ್ನು ಆರಿಸಿ ಇಟ್ಟಂತೆ ಹೇಳಿದಳು: "ಮೇಷ್ಟ್ರೇ, ಆ ಹೊಡೆದುಹಾಕಿದ್ರಲ್ಲ ಒಂದು ಸಾಲು, ಅದನ್ನ ಮೊದಲು ತನ್ನಿ. ಮೊದಲು ಕೂಲಿ ಕೊಡ್ಸಿ. ಆಮೇಲೆ ನೋಡಿ, ನಮ್ಮ ಬಾಯಿ ಮುಚ್ಚಿಸೋಕೆ ನಿಮಗೇ ಸಾಕಾಗುತ್ತೆ."

ಅವಳಿಂದ ನಾನು ಕೇಳಿದ ಕೊನೆಯ ಮಾತು ಅದು.

ಮೇಷ್ಟ್ರು ಹಾಗೆಯೇ ಮಾಡಿದರು. ಈ ಸಲ ಅವರ ಜೊತೆಗೆ ವರದಯ್ಯನವರೂ ಸದಸ್ಯರ ಮನೆಮನೆಗೆ ನಡೆದರು. ಅರ್ಧ ಕೂಲಿಯ ನಿಯಮ ಬಂದ ತಿಂಗಳಲ್ಲಿಯೇ ಹೆಂಗಸರು ಮುಖದ ಸೆರಗು ತೆಗೆದು ಪರೀಕ್ಷೆಗೆ ನಿಂತರು. ಹೊನ್ನಮ್ಮ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಅವಳ ಮೂಳೆಗೆ ವಿಷ ಇನ್ನೂ ಇಳಿದಿರಲಿಲ್ಲ, ಎರಡು ಹಲ್ಲು ಕೀಳಿಸಿದ್ದರಲ್ಲಿ ಉಳಿದುಕೊಂಡಳು. ಕಂಡ ಬಾಯಿಗಳ ಸಂಖ್ಯೆಯೆದುರು ಗುರುಶಾಂತಪ್ಪನವರು ಮತ್ತೆ ಪ್ರಶ್ನೆ ಕೇಳಲಿಲ್ಲ. ಸುಂಕ ಬಂತು, ಅದರ ಹಿಂದೆಯೇ ಕೆಂಪು ರಂಜಕ ಬಂತು. ಕಾರ್ಖಾನೆ ಮುಳುಗಲೂ ಇಲ್ಲ. ನಮ್ಮ ಬೀದಿಯ ಹಗ್ಗಗಳ ಮೇಲೆ ಸೀರೆಗಳು ಬರಿಯ ಸೀರೆಗಳಾದವು.

ಅದನ್ನೆಲ್ಲ ನೋಡಲು ಅತ್ತೆ ಬದುಕಿದ್ದಳು. ಕಣ್ಣಿನ ಕೆಳಗಿನಿಂದ ಕುತ್ತಿಗೆಯವರೆಗೆ ಬಿಳಿಯ ಬಟ್ಟೆ ಸುತ್ತಿಕೊಂಡು, ಬಟ್ಟಲಿನ ಗಂಜಿಯನ್ನು ಯಾರೂ ನೋಡದಂತೆ ಒಳಕೋಣೆಯಲ್ಲಿ ಕುಡಿಯುತ್ತಿದ್ದಳು. ಬರೆಯಲು ಅವಳಿಗೆ ಬರುತ್ತಿರಲಿಲ್ಲ. ಕಲಿಸುತ್ತೇನೆ ಎಂದು ಹಲಗೆ ತಂದಾಗ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

ಭಾನುವಾರಗಳಂದು ಜೈಬೂ ಮತ್ತು ಹೊನ್ನಮ್ಮ ಬರುವುದನ್ನು ಮಾತ್ರ ನಿಲ್ಲಿಸಲಿಲ್ಲ. ಅವರೊಂದಿಗೆ ಇನ್ನೂ ಕೆಲವರು ಸೇರುತ್ತಿದ್ದರು. ಜಗಲಿಯಲ್ಲಿ ಅತ್ತೆಯನ್ನು ನಡುವೆ ಕೂರಿಸಿಕೊಂಡು ಊರ ಸುದ್ದಿಯನ್ನೆಲ್ಲ ಹರಡುತ್ತಿದ್ದರು. ಅಂಥ ಒಂದು ಮಧ್ಯಾಹ್ನ ಜೈಬೂ ತುಂಬ ಹುರುಪಿನಲ್ಲಿದ್ದಳು.

"ತಾಯಮ್ಮಕ್ಕ, ಕೇಳಿದ್ಯಾ? ನಾಕಾ ಗುಮಾಸ್ತನಿಗೆ ಮದುವೆ ಅಂತೆ! ಹೆಣ್ಣು ನೋಡೋಕೆ ಹೋಗಿ, ಹೆಣ್ಣು ಅಂದ್ಕೊಂಡು ಅವಳ ಅಮ್ಮನಿಗೇ ನಮಸ್ಕಾರ ಹಾಕಿ 'ಒಪ್ಪಿಗೆ' ಅಂದನಂತೆ. ಅದಕ್ಕೆ ಆ ಹುಡುಗಿ ಏನಂದಿರ್ಬೇಕು ಹೇಳು ನೋಡೋಣ!"

ಹೇಳಿ ಅವಳು ಮಾತು ನಿಲ್ಲಿಸಿದಳು. ಎಲ್ಲರೂ ಕಾದರು. ನಗಲು ಸಿದ್ಧವಾದ ಮುಖಗಳೆಲ್ಲ ಹಳೆಯ ಅಭ್ಯಾಸದಂತೆ ಅತ್ತೆಯ ಕಡೆ ತಿರುಗಿದ್ದವು. ಬಿಳಿಯ ಬಟ್ಟೆಯ ಮೇಲೆ ಅವಳ ಕಣ್ಣುಗಳು ಮಿನುಗಿದವು. ಉತ್ತರ ಅಲ್ಲಿಯವರೆಗೆ ಬಂದಿತ್ತು. ಬಲಗೈ ಒಂದಿಷ್ಟು ಮೇಲೆದ್ದು ಮತ್ತೆ ತೊಡೆಯ ಮೇಲೆ ಇಳಿಯಿತು. ಯಾರೂ ಆ ಉತ್ತರವನ್ನು ಅವಳ ಪರವಾಗಿ ಹೇಳಲಿಲ್ಲ. ಹೊನ್ನಮ್ಮ ತಟ್ಟೆಯಿಂದ ಒಂದು ವೀಳ್ಯದೆಲೆ ತೆಗೆದು, ತೊಡೆಗೆ ಒರೆಸಿ, ತಲೆ ಬಗ್ಗಿಸಿ ಅದಕ್ಕೆ ಸುಣ್ಣ ಹಚ್ಚತೊಡಗಿದಳು.