ಮಸ್ಕಿ ದಾಟಿದ ಮೇಲೆ

ಕಿಟಕಿಯ ಸರಳು ಇನ್ನೂ ತಣ್ಣಗಿದೆ, ಬಸ್ಸು ಲಿಂಗಸುಗೂರು ಸ್ಟ್ಯಾಂಡಿನಿಂದ ತಿರುಗಿಕೊಂಡು ಹೊರಬೀಳುವಾಗ ನಿಖಿಲನ ತಲೆ ಶೆಫಾಲಿಯ ಭುಜಕ್ಕೆ ತಾಗಿತು, ತಾಗಿ ಅಲ್ಲೇ ನಿಂತಿತು, ಎಷ್ಟು ಭಾರ ಈ ತಲೆ, ಮದುವೆಯಾದಾಗಿನಿಂದ ಬಸ್ಸಿನಲ್ಲಿ ಹೀಗೆ ಒರಗಿದವನಲ್ಲ, ಮಂದಿ ನೋಡುತ್ತಾರೆಂದು ಒಂದು ಗೇಣು ಬಿಟ್ಟೇ ಕೂರುವವನು — ಒರಗಲಿ, ಮಂದಿ ನೋಡಲಿ, ಹಣೆಯ ಪಟ್ಟಿಯಿಂದ ಆಸ್ಪತ್ರೆಯ ವಾಸನೆ, ಅದರಡಿಯಲ್ಲಿ ಅವನದೇ ಬೆವರಿನ ವಾಸನೆ, ಅದು ಮೂಗಿಗೆ ಸಿಕ್ಕಿದ ಮೇಲೆಯೇ ಅವಳು ಸೀಟಿಗೆ ಬೆನ್ನು ಆನಿಸಿದಳು. ಮುಂದಿನ ಸಾಲಿನಲ್ಲಿ ಬುಡ್ಡೇಸಾಬ್ ಕೂತಿದ್ದಾನೆ, ಪುಣೆಯಿಂದ ರಾತ್ರಿಯಿಡೀ ಇವನನ್ನು ಕಾಯ್ದುಕೊಂಡು ಬಂದ ಮಸ್ಕಿಯ ಗೌಂಡಿ, ಆಗಾಗ ತಿರುಗಿ ನೋಡುತ್ತಾನೆ, ಸಿಂಧನೂರಿನ ತನಕ ತಡೆಯಲಾರದೆ ಅವಳು ಲಿಂಗಸುಗೂರಿಗೇ ಎದುರು ಹೋಗಿದ್ದಳು. ಕಂಡಕ್ಟರ್ ಬಂದ, ಆಧಾರ್ ತೋರ್ಸವ್ವಾ. ಹೆಂಗಸರಿಗೆ ಪುಕ್ಕಟೆ ಟಿಕೆಟ್ಟಿಗೆ ಕೇಳುವ ದಿನದ ಮಾತು, ಆದರೂ ಅವಳು ಕಾರ್ಡನ್ನು ಹೆಸರು ಕಾಣುವಂತೆ ಹಿಡಿದಳು, ಶೆಫಾಲಿ ಮಂಡಲ್, ಆರ್.ಎಚ್. ಕ್ಯಾಂಪ್, ನೋಡಲಿ, ಓದಲಿ — ಅವನು ಹೆಸರನ್ನು ನೋಡಲೂ ಇಲ್ಲ, ಟಿಕೆಟ್ ಹರಿದು ಕೊಟ್ಟು ಹಿಂದಕ್ಕೆ ಹೋದ. ಅಲ್ಲಿ ಪುಣೆಯಲ್ಲಿ ಇಂಥದೇ ಕಾರ್ಡನ್ನು ನಿಖಿಲ ಹಿಡಿದು ತೋರಿಸಿದ್ದನಂತೆ, ಸುಳ್ಳು ಕಾರ್ಡು ಅಂದು ಮೋರಿಗೆ ಎಸೆದರಂತೆ.

ಆಗ ಫೋನಿನ ಈ ತುದಿಯಲ್ಲಿ ಅವಳೇ ಇದ್ದಳು. ಎರಡನೇ ಬೆಳೆಗೆ ಕಾಲುವೆ ನೀರಿಲ್ಲ ಎಂದಾಗ ಪುಣೆಗೆ ಟೈಲ್ಸ್ ಕೆಲಸಕ್ಕೆ ಹೋದವನು, ಸಂಜೆ ಚಹಾದಂಗಡಿಯ ಮುಂದೆ ನಿಂತು ಮಾತಾಡುತ್ತಿದ್ದ, ಮನೆಯ ಮಾತು ಬಂಗಾಳಿಯಲ್ಲೇ ತಾನೆ ಬರುವುದು, ಅಮ್ಮನ ಮೊಣಕಾಲು ಹೇಗಿದೆ, ಕೊಟ್ಟಿಗೆಗೆ ತಗಡು ಹಾಕಿಸಿದೆಯಾ — ನಡುವೆ ಬೇರೊಂದು ದನಿ ಬಂತು, ಏ ಬಾಂಗ್ಲಾದೇಶಿ, ಆಮೇಲೆ ಮತ್ತೆರಡು ದನಿ, ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂಥ ಸದ್ದು, ಆಮೇಲೆ ಏನೂ ಇಲ್ಲ. ಸ್ವಿಚ್ ಆಫ್, ಮರುದಿನವೂ ಸ್ವಿಚ್ ಆಫ್, ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಲುಗದಾದಳು, ಬಂಗಾಳದ ಗಡಿ ದಾಟಿ ಬಂದಾಗ ಆಕೆ ಕೈಗೂಸು, ನಿರಾಶ್ರಿತರಿಗೆಂದು ಸರ್ಕಾರವೇ ಕಟ್ಟಿಸಿದ್ದು ಈ ಆರ್.ಎಚ್. ಕ್ಯಾಂಪು, ಶೆಫಾಲಿಯೂ ನಿಖಿಲನೂ ಹುಟ್ಟಿದ್ದು ಇಲ್ಲೇ, ಭತ್ತ ನೆಟ್ಟು ಬೆಳೆದದ್ದು ಇಲ್ಲೇ, ಮೊಬೈಲಿನಲ್ಲಿ ಅಂಥ ಸುದ್ದಿಗಳು ಒಂದರ ಹಿಂದೊಂದು ಬರುತ್ತಿದ್ದವು, ಆ ಊರಲ್ಲಿ ಹೊಡೆದರು, ಈ ಊರಲ್ಲಿ ಹೊಡೆದರು, ನೋಡಬಾರದೆಂದು ಮಗುಚಿಟ್ಟು ಮತ್ತೆ ತೆಗೆದು ನೋಡುತ್ತಿದ್ದಳು — ಆಗ ಗುರುತಿಲ್ಲದ ನಂಬರಿನಿಂದ ಫೋನು, ತಂಗಿ, ನಾ ಮಸ್ಕಿ ಬುಡ್ಡೇಸಾಬ್ ಮಾತಾಡಾಕತ್ತೀನಿ, ನಿನ್ನ ಗಂಡ ಅದಾನ, ದವಾಖಾನ್ಯಾಗ ಅದಾನ, ಅಳಬ್ಯಾಡ. ಅದಾನ. ಅದೊಂದು ಮಾತನ್ನು ಅವಳು ಅತ್ತೆಗೆ ಕನ್ನಡದಲ್ಲೇ ಕೂಗಿ ಹೇಳಿದ್ದಳು. ಎದುರಿನ ಕಟ್ಟಡದಲ್ಲಿ ಗೋಡೆಗೆ ಗಿಲಾವು ಮಾಡುತ್ತಿದ್ದನಂತೆ ಬುಡ್ಡೇಸಾಬ್, ಗದ್ದಲದೊಳಗಿಂದ ಕೇಳಿತಂತೆ, ಹೊಡಿಬ್ಯಾಡ್ರೋ ಯಪ್ಪಾ, ನಾ ಸಿಂಧನೂರಾಂವ ಅದೀನಿ. ನಮ್ಮ ಕಡೆ ಮಾತು ಕೇಳಿದ್ ಕೂಡ್ಲೆ ಕರಣಿ ಒಗದು ಇಳದ್ನಿ ತಂಗಿ, ನನ್ನ ಹೆಸರು ಕೇಳಿದ್ರ ನನಗೂ ಬೀಳ್ತಿದ್ವು, ಯಾರೂ ಕೇಳಲಿಲ್ಲ. ಸ್ಟೇಷನ್ನಿನಲ್ಲಿ ಯಾರೋ ಹೇಳಿದರಂತೆ, ಬದುಕಿದ್ದಾನಲ್ಲ, ಊರಿಗೆ ಕರೆದುಕೊಂಡು ಹೋಗಿ, ಕೇಸು ಯಾಕೆ. ಬುಡ್ಡೇಸಾಬ್ ಬೆಂಚು ಬಿಟ್ಟು ಏಳಲಿಲ್ಲ, ಸಿಮೆಂಟು ಒಣಗಿದ ಕಾಲಿನಲ್ಲೇ ಕೂತ, ಬರಕೊಳ್ರಿ, ಬರಕೊಂಡ ಮ್ಯಾಲೆ ಹೋಗ್ತೀವಿ. ಬರೆದುಕೊಂಡರು. ಇಬ್ಬರನ್ನು ಹಿಡಿದರು, ಮೂರನೆಯವನನ್ನು ಹುಡುಕುತ್ತಿದ್ದಾರೆ, ಸಾಕ್ಷಿ ಹೇಳಲು ಮತ್ತೆ ಹೋಗಬೇಕು, ನಿಖಿಲ ಸ್ಟ್ಯಾಂಡಿನಲ್ಲಿ ಬಸ್ಸಿಳಿದವನೇ ಅಂದ ಮೊದಲ ಮಾತೇ ಅದು, ನಾ ಹೋಗ್ತೀನಿ. ಹೋಗಲಿ, ತಾನೂ ಜೊತೆಗೆ ಹೋದರಾಯಿತು.

ಮಸ್ಕಿ. ಬುಡ್ಡೇಸಾಬ್ ಎದ್ದ, ಇವಂಗ ಎಡಗಿವ್ಯಾಗ ಗುಂಯ್ ಅಂತದಂತ, ಡಾಕ್ಟರಿಗೆ ತೋರ್ಸು ತಂಗಿ. ಅಣ್ಣಾ, ಕ್ಯಾಂಪಿಗೆ ಬರ್ರಿ, ನಮ್ಮತ್ತಿ ನಿಮ್ಮನ್ನ ನೋಡಬೇಕಂತ. ಬರ್ತೀನಿ, ಮೊದ್ಲು ನಮ್ಮಾಕಿ ಮುಖ ನೋಡಿ ಬರ್ತೀನಿ, ನನ್ನ ಮ್ಯಾಲೆ ಸಿಟ್ಟಾಗ್ಯಾಳ, ಕೆಲಸ ಬಿಟ್ಟು ಬಂದೀನಂತ. ನಗುತ್ತ ಇಳಿದುಹೋದ, ಅವಳಿಗೂ ನಗು ಬಂತು, ಎಷ್ಟು ದಿನದ ಮೇಲೆ ತುಟಿ ಹಿಗ್ಗಿತೋ, ಹೊರಗೆ ತೊಗರಿ ಹೊಲ ಹಿಂದೆ ಸರಿದು ಭತ್ತದ ಕೂಳೆ ಶುರುವಾಗುತ್ತಿದೆ, ಅನ್ನಕ್ಕೆ ಸಾಸಿವೆ ಅರೆದ ಮೀನಿನ ಸಾರು ಮಾಡಬೇಕು, ಇವನಿಗೆ ಅಗಿಯಲು ಬರುತ್ತದೋ ಇಲ್ಲವೋ, ದವಡೆ ಊದಿದೆ — ಬಸ್ಸು ಹಾರಿ ಬಿತ್ತು, ನಿಖಿಲ ಕಣ್ಣು ಬಿಟ್ಟ, ಜೋಲ್ ದಾವ್, ಎಂದ. ನೀರು ಕೊಡು ಎಂದು, ಬಂಗಾಳಿಯಲ್ಲಿ, ಕಿವಿ ಮಂದವಾದದ್ದಕ್ಕೋ ಏನೋ ಬಸ್ಸಿಗೆಲ್ಲ ಕೇಳುವಂತೆ. ಅವಳ ಅಂಗೈ ಅವನ ಬಾಯಿ ಮುಚ್ಚಲು ಎದ್ದು ಅರ್ಧಕ್ಕೆ ನಿಂತಿತು, ಎದುರಿನ ಸೀಟಿನ ಮುದುಕಿ ತಿರುಗಿಯೇಬಿಟ್ಟಳು, ಪಟ್ಟಿ ನೋಡಿದಳು, ಇವಳನ್ನು ನೋಡಿದಳು, ಯಾವೂರವ್ವಾ ನಿಮ್ದು. ಎತ್ತಿದ ಕೈ ಚೀಲದ ಬಾಟಲಿಗೆ ಹೋಯಿತು. ಆರ್.ಎಚ್. ಕ್ಯಾಂಪ್ ರೀ. ಹೌದೇನು, ನಂದು ಸಾಲಗುಂದ, ನಿಮ್ಮಲ್ಲಿ ಈಗ ಮೀನು ಬರಾಕತ್ಯಾವೇನು, ನಮ್ಮಲ್ಲಿ ಸಿಗವಲ್ವು. ಬರ್ತಾವ್ರೀ ಅಮ್ಮಾ, ಕಾಲುವಿ ನೀರಿಲ್ಲ, ಕೆರೀವು ಬರ್ತಾವ. ಮುದುಕಿ ಹೂಂ ಎಂದು ಮತ್ತೆ ಮುಂದಕ್ಕೆ ತಿರುಗಿ ಕೂತಳು, ಅಷ್ಟೇ, ಮತ್ತೇನೂ ಆಗಲಿಲ್ಲ. ಶೆಫಾಲಿ ಬಾಟಲಿಯ ಮುಚ್ಚಳ ತಿರುಗಿಸಿ ಕೊಟ್ಟಳು, ಅವನು ಕತ್ತು ಹಿಂದಕ್ಕೊಡ್ಡಿ ಕುಡಿದ, ಗಡ್ಡ ಬೆಳೆದ ಗಂಟಲು ಮೇಲೇರಿ ಕೆಳಗಿಳಿಯಿತು, ಒಂದು ಹನಿ ಕುತ್ತಿಗೆಗುಂಟ ಜಾರಿ ಅಂಗಿಯೊಳಗೆ ಹೋಯಿತು, ಮತ್ತೆ ಗಂಟಲು ಮೇಲೇರಿ ಕೆಳಗಿಳಿಯಿತು, ಅತ್ತೆಗೆ ಫೋನ್ ಮಾಡಬೇಕಿತ್ತು, ಡಾಕ್ಟರಿಗೆ, ಮತ್ತೇನೋ ಇತ್ತು ಯೋಚಿಸಬೇಕಾದ್ದು — ಗಂಟಲು ಮೇಲೇರಿತು, ಕೆಳಗಿಳಿಯಿತು.