ಸದರಿ ಅವಧಿಯಲ್ಲಿ

ಎಡಗೆನ್ನೆ ಮುಗಿದು, ಬಲಗೆನ್ನೆಯ ಸುಕ್ಕನ್ನು ಎರಡು ಬೆರಳಿನಿಂದ ಎಳೆದು ಹಿಡಿದಿದ್ದಾಗ ಭಾಗ್ಯಾಳ ಫೋನು ಬಡಕೊಳ್ಳತೊಡಗಿತು. ಮಾವನ ಗಡ್ಡ ತೆಗೆಯುವಾಗ ಅವಳು ಯಾರ ಫೋನನ್ನೂ ಎತ್ತುತ್ತಿರಲಿಲ್ಲ. ಆರು ವರ್ಷದ ಹಿಂದೆ ಲಕ್ವಾ ಹೊಡೆದು ಶಟ್ಟೆಪ್ಪನ ಮುಖದ ಬಲಭಾಗ ಜೋತುಬಿದ್ದಿತ್ತು. ಅಲ್ಲಿ ಚರ್ಮವನ್ನು ಸರಿಯಾಗಿ ಎಳೆದು ಹಿಡಿಯದಿದ್ದರೆ ಬ್ಲೇಡು ಮಡಿಕೆಯೊಳಗೆ ಹೋಗಿ ಕೂರುತ್ತಿತ್ತು.

ಲಕ್ವಾ ಅವನ ಮಾತನ್ನೂ ಒಯ್ದಿತ್ತು, ಒಂದನ್ನು ಬಿಟ್ಟು. ನಲವತ್ತು ವರ್ಷ ಬೈಲಹೊಂಗಲದ ಹತ್ತಿ ಜಿನ್ನಿನಲ್ಲಿ ಹಮಾಲರ ಮೇಲೆ ಮುಕಾದಮನಾಗಿದ್ದವನ ಬಾಯಲ್ಲಿ ಉಳಿದ ಒಂದೇ ಶಬ್ದ ‘ಭಾಡ್ಯಾ’. ಹಸಿದರೂ ಭಾಡ್ಯಾ, ಹೊಟ್ಟೆ ತುಂಬಿದರೂ ಭಾಡ್ಯಾ, ಮೊಮ್ಮಗಳು ಸ್ನೇಹಲ್ ಮೇಲೆ ಮುದ್ದು ಉಕ್ಕಿದರೂ ಅದೇ. ನೆಂಟರು ಮುಖ ಕಿವಿಚಿಕೊಳ್ಳುತ್ತಿದ್ದರು. ಭಾಗ್ಯಾ ಮಾತ್ರ ಆ ಒಂದು ಬೈಗುಳದೊಳಗಿನ ಹತ್ತಾರು ಮಾತುಗಳನ್ನು ಅವನ ಹುಬ್ಬಿನಿಂದಲೇ ಓದಿಬಿಡುತ್ತಿದ್ದಳು.

“ಭಾಡ್ಯಾ,” ಎಂದ ಶಟ್ಟೆಪ್ಪ. ಫೋನು ಎತ್ತು, ತಲೆ ಚಿಟ್ಟು ಹಿಡಿಯಿತು ಎಂದರ್ಥ.

ಎತ್ತಿದಳು. ಬೆಳಗಾವಿಯಲ್ಲಿ ಹೊರದೇಶದ ಓದಿಗೆ ವೀಸಾ ಕಾಗದ ಮಾಡಿಸಿಕೊಡುವ ಅಜಿತ.

“ಮೇಡಮ್, ನಿಮ್ಮ ಫೈಲ್‌ನ್ಯಾಗ ಒಂದ್ ದೊಡ್ಡ ತೆಗ್ಗ ಐತ್ರಿ.”

“ಎಂಥಾ ತೆಗ್ಗೋ?”

“ಎರಡ ಸಾವಿರದ ಏಳಕ್ಕ ಬಿ.ಎಸ್ಸಿ. ಮುಗದೈತಿ. ಅಲ್ಲಿಂದ ಇಲ್ಲೀತನಾ ಹದಿನೆಂಟ ವರ್ಷ ಏನೂ ಇಲ್ಲ. ಏನ್ ಮಾಡಾಕ ಹತ್ತಿದ್ರಿ ಅಂತ ಕೇಳ್ತಾರ್ರಿ. ಐರ್ಲೆಂಡಿನವರು ಗ್ಯಾಪ್ ವಿಷಯದಾಗ ಭಾಳ ಕಡಕ್.”

ಫೋನನ್ನು ಭುಜಕ್ಕೆ ಒತ್ತಿಕೊಂಡೇ ಭಾಗ್ಯಾ ಬ್ಲೇಡನ್ನು ಮಗ್ಗಿನಲ್ಲಿ ಅಲುಬಿದಳು. “ಈಗ ಏನ್ ಮಾಡಾಕ ಹತ್ತೇನಿ ಗೊತ್ತೈತೇನು ನಿನಗ?”

“ಅದ್ಯಾಕ್ರಿ?”

“ಸುಮ್ನ ಕೇಳ್ದೆ. ಹೇಳು.”

ಅವನು ಎರಡು ದಾರಿ ಹೇಳಿದ. ಯಾವುದಾದರೂ ಕಂಪನಿಯಿಂದ ಅನುಭವದ ಪತ್ರ ತರಬೇಕು. ಅದಿಲ್ಲದಿದ್ದರೆ, ಏನೂ ಮಾಡಿಲ್ಲ ಎಂದು ನೋಟರಿಯ ಮುಂದೆ ಪ್ರಮಾಣಪತ್ರ ಬರೆಸಬೇಕು. ಎರಡನೆಯದಾದರೆ ವೀಸಾ ಸಿಗುವುದು ಅನುಮಾನ. ಒಮ್ಮೆ ತಿರಸ್ಕಾರವಾದರೆ ಈ ವರ್ಷದ ಸೀಟೂ ಹೋಯಿತು, ಶುಲ್ಕ ಮಾಫಿಯೂ ಹೋಯಿತು. ಶುಕ್ರವಾರ ಫೈಲು ಕೊರಿಯರ್‌ಗೆ ಬೀಳಲೇಬೇಕು. “ಸುಳ್ಳ ಪತ್ರ ಆದ್ರೂ ನಡೀತೈತ್ರಿ, ಎಲ್ಲಾರೂ ಮಾಡ್ತಾರ,” ಎಂದು ಸೇರಿಸಿ ಫೋನಿಟ್ಟ.

ಈ ಉಸಾಬರಿ ಶುರುವಾದದ್ದು ಸ್ನೇಹಲ್‌ಳಿಂದ. ಪಿಯುಸಿ ಮುಗಿಸಿ ಹೊರದೇಶದಲ್ಲಿ ನರ್ಸಿಂಗ್ ಓದುತ್ತೇನೆಂದು ಹಟ ಹಿಡಿದ ಹುಡುಗಿ, ಇಂಗ್ಲಿಷ್ ಪರೀಕ್ಷೆಗೆ ಒಬ್ಬಳೇ ಹೋಗಲು ಅಂಜಿ ಅವ್ವನನ್ನೂ ಕೂರಿಸಿದ್ದಳು. ಗಂಡ ಕಾಂತೇಶನ ಝೆರಾಕ್ಸ್ ಅಂಗಡಿಗೆ ಬರುವ ಅರ್ಜಿಗಳ ಇಂಗ್ಲಿಷ್ ತಿದ್ದಿ ತಿದ್ದಿ ಭಾಗ್ಯಾಳ ಕೈ ಪಳಗಿತ್ತು. ಅವ್ವ ಪಾಸಾದಳು, ಮಗಳು ಡುಮ್ಕಿ ಹೊಡೆದಳು. ಎರಡು ದಿನ ಊಟ ಬಿಟ್ಟ ಸ್ನೇಹಲ್ ಮೂರನೆಯ ದಿನ ಧಾರವಾಡದ ಕಾಲೇಜಿಗೆ ಹೆಸರು ಹಚ್ಚಿ ಬಂದು, ಅವ್ವನ ಅರ್ಜಿಗಳನ್ನು ತಾನೇ ತುಂಬತೊಡಗಿದಳು. ಐರ್ಲೆಂಡಿನ ಗಾಲ್ವೇ ಎಂಬ ಊರಿನಲ್ಲಿ ವಯಸ್ಸಾದವರ ಆರೈಕೆಯ ಬಗ್ಗೆ ಒಂದು ವರ್ಷದ ಎಂ.ಎಸ್ಸಿ. ಇತ್ತು. ಯಾಕೆ ಓದಬೇಕೆಂದಿರುವಿರಿ ಎಂಬಲ್ಲಿ ಭಾಗ್ಯಾ ಒಂದೇ ಶಬ್ದದ ಮಾವನ ಬಗ್ಗೆ ಎರಡು ಪುಟ ಬರೆದಳು. ಅವರು ಪೂರ್ತಿ ಶುಲ್ಕ ಬಿಟ್ಟುಕೊಟ್ಟು ಸೀಟು ಕೊಟ್ಟರು.

ಸಂಜೆಯ ಚಹಾಕ್ಕೆ ಮನೆಯಲ್ಲಿ ಸಭೆ ಸೇರಿತು.

“ನನ್ನ ಅಂಗಡಿ ಮ್ಯಾನೇಜರ್ ಅಂತ ಬರದ್ ಕೊಡ್ತೇನಿ,” ಎಂದ ಕಾಂತೇಶ.

“ಹೆಂಡ್ತೀಗೆ ಗಂಡ ಕೊಟ್ಟ ಸರ್ಟಿಫಿಕೇಟ್ ಯಾರ್ ನಂಬ್ತಾರ ಪಪ್ಪಾ?” ಸ್ನೇಹಲ್ ನಕ್ಕಳು.

ಎದುರುಮನೆಯ ಬಾಳೇಶ ಸಿಮೆಂಟು ಪೈಪಿನ ವ್ಯಾಪಾರಿ. ಬಣ್ಣದ ಲೆಟರ್‌ಹೆಡ್ ಇದ್ದವನು ಓಣಿಯಲ್ಲಿ ಅವನೊಬ್ಬನೇ. “ವೈನಿ ನಮ್ಮಲ್ಲಿ ಹನ್ನೊಂದ ವರ್ಷ ಸೇಲ್ಸ್ ಮ್ಯಾನೇಜರ್ ಇದ್ರು ಅಂತ ಹಾಕೂಣು. ಬರೇ ಮ್ಯಾನೇಜರ್ ಯಾಕ, ಸೀನಿಯರ್ ಹಾಕೂಣು. ನಮ್ಮಪ್ಪನ ಗಂಟೇನ ಹೊಕ್ಕೈತಿ?”

ಹೀಗೆ ಚಹಾ ಆರುವುದರೊಳಗೆ ಭಾಗ್ಯಾಳಿಗೆ ಬಡ್ತಿಯೂ ಸಿಕ್ಕಿತು. ಅವಳು ಇಷ್ಟು ವರ್ಷದಲ್ಲಿ ನಿಜವಾಗಿ ಸಂಭಾಳಿಸಿದ್ದ ಪೈಪು ಒಂದೇ, ಮಾವನ ಕ್ಯಾಥೆಟರು. ಅದರ ಅನುಭವದ ಪತ್ರ ಕೊಡಬೇಕಾದವನು ಮೂಲೆಯ ಕುರ್ಚಿಯಲ್ಲಿ ಕೂತು ಚಹಾದಲ್ಲಿ ಅದ್ದಿದ ಬಿಸ್ಕಿಟು ನುಂಗುತ್ತಿದ್ದ.

“ಹದಿನೆಂಟ ವರ್ಷ ಈಕಿ ಕುಂತದ್ದ ನಾ ನೋಡಿಲ್ಲ,” ಎಂದಳು ಅತ್ತೆ ಶೆಟ್ಟೆವ್ವ, ಎಲೆಗೆ ಸುಣ್ಣ ಸವರುತ್ತ. “ಏನ್ ಮಾಡಿದ್ಲು ತೋರಸ್ರಿ ಅಂದ್ರ ಏನ್ ತೋರಸೂದು? ಎಲ್ಲಾ ನಾವ ಉಂಡ ತೇಗೀವಿ.”

ಮರುದಿನ ಶೆಟ್ಟೆವ್ವ ಮುರಗೋಡಕ್ಕೆ ತಂಗಿಯನ್ನು ನೋಡಲು ಹೋದಳು. ಮಾವನನ್ನು ಒಬ್ಬನೇ ಬಿಡುವಂತಿಲ್ಲ. ಭಾಗ್ಯಾ ಅವನನ್ನು ಆಟೋದಲ್ಲಿ ಕೂರಿಸಿ, ಗಾಲಿಕುರ್ಚಿಯನ್ನು ಹಿಂದೆ ಕಟ್ಟಿಸಿ, ಕೋರ್ಟಿನ ಎದುರಿನ ನೋಟರಿ ವೆಂಕಣ್ಣನವರ ಕೋಣೆಗೆ ಹೋದಳು. ಬಾಳೇಶನ ಪತ್ರ ಹೇಗೂ ಸಿದ್ಧವಾಗುತ್ತಿತ್ತು. ಆದರೂ ಇನ್ನೊಂದು ದಾರಿ ಹೇಗಿದೆ ನೋಡಿಬರಬೇಕೆನಿಸಿತ್ತು.

ಎಪ್ಪತ್ತು ದಾಟಿದ ವೆಂಕಣ್ಣ ಕಂಪ್ಯೂಟರಿನಲ್ಲಿದ್ದ ಒಕ್ಕಣೆಯನ್ನು ಓದಿ ಹೇಳಿದರು. “‘ಸದರಿ ಅವಧಿಯಲ್ಲಿ ನಾನು ಯಾವುದೇ ವ್ಯಾಸಂಗವನ್ನಾಗಲಿ, ಉದ್ಯೋಗವನ್ನಾಗಲಿ ಮಾಡಿರುವುದಿಲ್ಲ. ಯಾವುದೇ ಅಪರಾಧ ಕೃತ್ಯದಲ್ಲಿ ಭಾಗಿಯಾಗಿರುವುದಿಲ್ಲ. ಮನೆಯಲ್ಲಿ ಖಾಲಿ ಇದ್ದೆನೆಂದು ಪ್ರಮಾಣೀಕರಿಸುತ್ತೇನೆ.’ ಇಲ್ಲೆ ಸಹಿ ಮಾಡ್ರಿ.”

“ಅಪರಾಧ ಇರ್ಲಿ ಸರ. ಖಾಲಿ ತಗೀರಿ.”

“ಫಾರ್ಮ್ಯಾಟ್ ಅದವಾ ಅದು. ಮುಂಜಾನೆ ರಾಮದುರ್ಗದ ಇಬ್ಬರು, ಸವದತ್ತಿಯವ ಒಬ್ಬ, ಎಲ್ಲಾರೂ ಕಣ್ಣ ಮುಚ್ಚಿ ಸಹಿ ಮಾಡಿ ಹೋಗ್ಯಾರ.”

“ಅವರು ಖಾಲಿ ಇದ್ದಿರಬೇಕ್ರಿ. ನಾ ಪ್ರಮಾಣ ಮಾಡಿ ಸುಳ್ಳ ಹೇಳಿದ್ರ ಮ್ಯಾಲಿನ ಸಾಲಿನ್ಯಾಗಿಂದ ಅಪರಾಧನೂ ಮಾಡಿದಂಗ ಆತಲ್ಲ?”

ವೆಂಕಣ್ಣ ಕನ್ನಡಕ ಕೆಳಗಿಳಿಸಿ ಅವಳನ್ನು ನೋಡಿದರು. ಅಷ್ಟರಲ್ಲಿ ಶಟ್ಟೆಪ್ಪ ಗಟ್ಟಿಯಾಗಿ, “ಭಾಡ್ಯಾ!” ಎಂದ.

“ಏನಂದ್ರು ಅವರು?”

“ನಿಮ್ಮನ್ನ ಅಲ್ರಿ. ಫ್ಯಾನ್ ಜೋರ್ ಮಾಡ್ರಿ ಅಂದ್ರು.”

ವೆಂಕಣ್ಣ ಅನುಮಾನದಿಂದಲೇ ಗುಂಡಿ ತಿರುಗಿಸಿದರು. ಗಾಳಿ ಮುಖಕ್ಕೆ ಬಿದ್ದದ್ದೇ ಶಟ್ಟೆಪ್ಪ ಕಣ್ಣು ಮುಚ್ಚಿ, ಮೆಲ್ಲಗೆ, “ಭಾಡ್ಯಾ,” ಎಂದ.

“ಈಗ ಉಪಕಾರ ಆತು ಅಂದ್ರು.”

“ಶಿವನ!” ವೆಂಕಣ್ಣ ಕುರ್ಚಿಗೆ ಒರಗಿದರು. “ಈ ಭಾಷಾ ಯಾವಾಗ ಕಲತ್ರಿ ನೀವು?”

“ಸದರಿ ಅವಧಿಯಲ್ಲಿ.”

ಅವರು ನಕ್ಕದ್ದು ಹೊರಗಿನ ಚಹಾದಂಗಡಿಗೂ ಕೇಳಿರಬೇಕು. ಟೈಪಿಸ್ಟನನ್ನು ಎಬ್ಬಿಸಿ ತಾವೇ ಕೂತರು. ಅವಳು ಹೇಳುತ್ತ ಹೋದಳು, ಅವರು ಎರಡು ಬೆರಳಿನಿಂದ ಇಂಗ್ಲಿಷಿನಲ್ಲಿ ಕುಟ್ಟುತ್ತ ಹೋದರು. ಮಗ್ಗುಲು ಬದಲಿಸದಿದ್ದರೆ ಎಷ್ಟು ಗಂಟೆಗೆ ಹುಣ್ಣಾಗುತ್ತದೆ ಎಂಬಲ್ಲಿಂದ ಹಿಡಿದು, ನುಂಗಲು ಬಾರದವನಿಗೆ ಅನ್ನವನ್ನು ಯಾವ ಹದಕ್ಕೆ ಕಿವುಚಬೇಕು ಎಂಬುದರವರೆಗೆ. ನಡುವೆ ಎರಡು ಕಡೆ ಅವರ ಇಂಗ್ಲಿಷ್ ಕಾಗುಣಿತ ತಿದ್ದಿದಳು. ಒಂದು ಸಂಗತಿಯನ್ನು ಮಾತ್ರ ಹೇಳಲಿಲ್ಲ. ಸ್ನೇಹಲ್‌ಗೆ ನಾಲ್ಕು ವರ್ಷವಿದ್ದಾಗ ಒಂದು ಮಧ್ಯಾಹ್ನ, ಮಗುವನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ, ಧಾರವಾಡದ ಮೂರು ಬಸ್ಸು ಎದುರಿಗೇ ತುಂಬಿ ಹೊರಡುವುದನ್ನು ನೋಡಿ, ಒಂದು ಕಟ್ಟು ಕೊತ್ತಂಬರಿ ಕೊಂಡು ಮನೆಗೆ ಬಂದಿದ್ದಳು. ಅದು ವ್ಯಾಸಂಗವೂ ಅಲ್ಲ, ಉದ್ಯೋಗವೂ ಅಲ್ಲ. ಅಪರಾಧವೋ ಅಲ್ಲವೋ, ಅವಳಿಗೇ ಇನ್ನೂ ಗೊತ್ತಾಗಿರಲಿಲ್ಲ.

ಠಸ್ಸೆ ಒತ್ತುತ್ತ ವೆಂಕಣ್ಣ ಹೇಳಿದರು: “ಈ ಕಾಗದ ನಮ್ಮ ಮನ್ಯಾಕಿ ಕಮಲಾಬಾಯಿ ಕೈಗೆ ಮಾತ್ರ ಸಿಗಬಾರದು ನೋಡವಾ. ಸಿಕ್ಕರ ಆಕಿನೂ ನಾಳೆ ಬಂದು ಇಲ್ಲೇ ಕೂಡತಾಳ, ಬರಕೋರಿ ಅಂತ.”

ಕಾಂತೇಶನಿಗೆ ಅದು ಹಿಡಿಸಲಿಲ್ಲ. ಅಂಗಡಿಯಲ್ಲಿ ನಿಂತೇ ಎರಡು ಸಲ ಓದಿದ. “ಇದೇನ್ ಅಫಿಡವಿಟ್ಟಾ? ಗಂಡನ ಮನಿ ಮ್ಯಾಲೆ ಹಾಕಿದ ಕೇಸ್ ಇದ್ದಂಗ ಐತಿ.”

“ಯಾವುದ ಸುಳ್ಳ ಐತಿ ಹೇಳ್ರಿ, ತಗೀತೇನಿ.”

“ಸುಳ್ಳ ಐತಿ ಅನ್ನಲಿಲ್ಲ ನಾ. ಹೊರಗಿನವರ ಮುಂದ ಯಾಕ ಅಂದೆ. ಆಮ್ಯಾಲೆ, ಇದನ್ನ ನೋಡಿ ವೀಸಾ ಕೊಡ್ತಾರಂತ ಅನಿಸ್ತೈತೇನ ನಿನಗ? ಮನ್ಯಾಗ ಕೆಲಸಾ ಮಾಡಾವ್ರು ಅವರ ಊರಾಗೂ ಇರ್ತಾರ.”

ಅಜಿತನಿಗೆ ಫೋನು ಮಾಡಿದರು. ಬಾಳೇಶನ ಪೈಪಿನ ಪತ್ರವೇ ವಾಸಿ ಎಂದ. ಸ್ನೇಹಲ್ ಕೂಡ ಗೊಣಗುತ್ತಲೇ ಪೈಪಿನ ಕಡೆ ಕೈಯೆತ್ತಿದಳು. ಅವ್ವ ಹೇಗಾದರೂ ಹೋದರೆ ಸಾಕಿತ್ತು ಅವಳಿಗೆ. ಭಾಗ್ಯಾಳಿಗೂ ಹೋಗುವುದು ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ನಾಲ್ಕು ದಿನದಿಂದ ಅನ್ನದ ರುಚಿ ಹತ್ತಿರಲಿಲ್ಲ.

ಶುಕ್ರವಾರ ಕಾಂತೇಶ ಬಾಳೇಶನ ಪತ್ರವನ್ನು ಫೈಲಿನಲ್ಲಿಟ್ಟು, “ಪಾಕೀಟ ಅಂಟಿಸಿ ಕೊರಿಯರ್‌ನಾವಗ ಕೊಡು,” ಎಂದು ಊಟಕ್ಕೆ ಹೋದ. ಭಾಗ್ಯಾ ಅಂಗಡಿಯ ಸ್ಟೂಲಿನ ಮೇಲೆ ಕೂತು ಲೆಟರ್‌ಹೆಡ್ಡಿನ ಕೆಂಪು ನೀಲಿ ಪೈಪುಗಳನ್ನು ನೋಡಿದಳು. ಈ ಪತ್ರದಿಂದ ವೀಸಾ ಸಿಕ್ಕರೆ ಐರ್ಲೆಂಡಿಗೆ ಹೋಗುವವಳು ಬಾಳೇಶನ ಮ್ಯಾನೇಜರು. ಆ ಹೆಂಗಸಿನ ಮೇಲೆ ಅವಳಿಗೆ ಸುಮ್ಮನೆ ಹೊಟ್ಟೆಕಿಚ್ಚಾಯಿತು. ಪತ್ರ ತೆಗೆದು ವೆಂಕಣ್ಣನವರ ಕಾಗದ ಇಟ್ಟು, ಪಾಕೀಟಿನ ಬಾಯಿಗೆ ಮೂರು ಸುತ್ತು ಟೇಪು ಸುತ್ತಿದಳು. ಅಷ್ಟರಲ್ಲಿ ಸುರೇಬಾನದ ಮುದುಕನೊಬ್ಬ ಪಹಣಿಯ ಝೆರಾಕ್ಸ್ ಕೇಳಿಕೊಂಡು ಬಂದ. ಬಾಳೇಶನ ಪತ್ರದ ಹಿಂಬದಿ ಖಾಲಿಯಿತ್ತು. ಅದರ ಮೇಲೆ ಪಹಣಿ ಚೆನ್ನಾಗಿ ಮೂಡಿತು. ಮುದುಕ ಅದನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋದ.

ಐದು ವಾರ ಅವಳು ಕೊರಿಯರ್‌ನವನ ದಾರಿ ನೋಡಿದಳು. ಆರನೆಯ ವಾರ ವೀಸಾ ಅಂಟಿಸಿದ ಪಾಸ್‌ಪೋರ್ಟು ಬಂತು.

ಬಾಳೇಶ ಓಣಿಗೆಲ್ಲ ಪೇಢೆ ಹಂಚಿದ. ಮೂಲೆಯ ಕಂಬಕ್ಕೆ ಫ್ಲೆಕ್ಸ್ ಕಟ್ಟಿಸಿದ: ತನ್ನ ಸಂಸ್ಥೆಯ ಮಾಜಿ ಸೀನಿಯರ್ ಮ್ಯಾನೇಜರ್ ವಿದೇಶಕ್ಕೆ. ಅದರಲ್ಲಿ ಭಾಗ್ಯಾಳ ಫೋಟೋ ಪೋಸ್ಟ್ ಸ್ಟಾಂಪಿನಷ್ಟು, ಬಾಳೇಶನದು ಆಳೆತ್ತರ. “ನನ್ನ ಲೆಟರ್‌ಹೆಡ್ಡಿನ ವಜನ್ ನೋಡ್ರಿ ವೈನಿ,” ಎಂದ. “ಹೌದ್ರೀಪಾ,” ಎಂದು ಭಾಗ್ಯಾ ಎರಡು ಪೇಢೆ ಹೆಚ್ಚಿಗೆ ತಗೊಂಡಳು.

ಡಬ್ಲಿನ್ನಿನ ವಿಮಾನ ನಿಲ್ದಾಣದಲ್ಲಿ ಕೆಂಪು ಮೂಗಿನ ಅಧಿಕಾರಿ ಅವಳ ಮುಖ, ಪಾಸ್‌ಪೋರ್ಟಿನ ಮುಖ ಎರಡನ್ನೂ ಹೋಲಿಸಿ, ಏನು ಓದಲು ಬಂದಿರಿ ಎಂದು ಕೇಳಿದ. ಮುದುಕರನ್ನು, ಎಂದುಬಿಟ್ಟಳು. ನಮ್ಮವ್ವನಿಗೆ ಎಂಬತ್ತನಾಲ್ಕು, ಅವಳನ್ನೂ ಓದಿ ಹೇಳಿ, ನನಗಂತೂ ಅರ್ಥವಾಗಿಲ್ಲ ಎಂದು ಅವನು ಠಸ್ಸೆ ಒತ್ತಿದ. ಭಾಗ್ಯಾ ಗಾಲ್ವೇಯ ಬಸ್ಸು ಹತ್ತಿ ಕೂತಳು. ಬಸ್ಸು ತುಂಬಿ ಹೊರಟಿತು. ಈ ಸಲ ಅವಳು ಒಳಗಿದ್ದಳು.

ಗಾಲ್ವೇಯಲ್ಲಿ ಛತ್ರಿ ಬಿಚ್ಚಿದರೆ ಗಾಳಿ ಅದನ್ನು ತಿರುವಿ ಹಾಕುತ್ತಿತ್ತು. ತರಗತಿಯ ಇಪ್ಪತ್ತೆರಡು ವರ್ಷದ ಹುಡುಗಿಯರು ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಮೊದಲ ವಾರ ಯಾರನ್ನೋ ಕರೆಯುತ್ತಿದ್ದಾರೆಂದು ಅವಳು ಹಿಂದೆ ತಿರುಗಿ ನೋಡಿದ್ದೂ ಆಯಿತು. ಮನೆಯಿಂದ ದಿನಕ್ಕೆ ಐದು ಫೋನು. ಅಪ್ಪನ ಗುಳಿಗೆ ಯಾವ ಡಬ್ಬಿ, ಗಂಜಿಗೆ ಉಪ್ಪು ಎಷ್ಟು, ‘ಭಾಡ್ಯಾ’ ಅಂತಾನ, ಏನಂತ ತಿಳ್ಕೊಳ್ಲಿ ನಾ. ಎಲ್ಲಕ್ಕೂ ಉತ್ತರ ಹೇಳಿದಳು. ಅಕ್ಟೋಬರಿನ ಹೊತ್ತಿಗೆ ಫೋನು ಎರಡಕ್ಕಿಳಿಯಿತು.

ನವೆಂಬರಿನ ಒಂದು ಮಧ್ಯಾಹ್ನ, ಗ್ರಂಥಾಲಯದ ಮೆಟ್ಟಿಲ ಮೇಲಿದ್ದಾಗ ಕಾಂತೇಶ ವಿಡಿಯೋದಲ್ಲಿ ಕೂಗಿದ. “ಅಪ್ಪಾ ಮಾತಾಡಿದಾ! ಚಾ ಅಂದಾ! ಅಪ್ಪಾ, ಅನ್ನು ಇನ್ನೊಮ್ಮೆ.”

ಶಟ್ಟೆಪ್ಪನ ಮುಖ ಪರದೆ ತುಂಬಿತು. ಬಾಯಿ ಒಂದು ಕಡೆ ಎಳೆಯಿತು, ಕತ್ತಿನ ನರ ಉಬ್ಬಿತು. “ಚ್… ಚಾ.”

ಆರು ವರ್ಷ ಅವಳು ಅವನ ಮುಂದೆ ಕೂತು ನೀರು, ಅನ್ನ, ಚಾ ಎಂದು ಹೇಳಿಕೊಟ್ಟಿದ್ದಳು. ಖುಷಿಯಾಯಿತು, ಆದ ಖುಷಿಯ ಬೆನ್ನಿಗೇ ಆ ಶಬ್ದ ತನ್ನೆದುರು ಬರಲಿಲ್ಲವಲ್ಲ ಎನಿಸಿತು. “ಹೆಂಗ ಅಂದ್ರು?” ಎಂದು ಕೇಳಿದಳು.

“ಹೆಂಗಂದ್ರ? ಭಾಡ್ಯಾ ಅಂತಾನ. ನೀರ ಕೊಟ್ಟೆ, ಒಗದಾ. ಬಿಸ್ಕೀಟ ಕೊಟ್ಟೆ, ಒಗದಾ. ನನಗೇನ್ ತಿಳೀತೈತಿ? ಅರ್ಧಾ ತಾಸ ಇಬ್ಬರೂ ಗುದ್ದಾಡಿದ್ವಿ. ಕಡೀಕ ಸಿಟ್ಟಿಗೆದ್ದ ಚಾ ಅಂದಾ.”

ಭಾಗ್ಯಾಳ ಮುಂದೆ ಮುದುಕನಿಗೆ ಆ ಶಬ್ದ ಬೇಕಾಗಿರಲೇ ಇಲ್ಲ. ಹುಬ್ಬು ಏರುವುದರೊಳಗೆ ಬಟ್ಟಲು ಅವನ ತುಟಿಗೆ ಬಂದಿರುತ್ತಿತ್ತು.

“ಕೇಳಿಲ್ಲಿ,” ಕಾಂತೇಶನ ದನಿ ಇಳಿಯಿತು. “ಡಿಸೆಂಬರದಾಗ ಮೂರ ವಾರ ಸೂಟಿ ಅಂತಲ್ಲಾ. ಬಂದ್ ಹೋಗು. ಟಿಕೇಟ್ ನೋಡಿಟ್ಟೇನಿ. ನನ್ನ ಕೈ ಸೋತ್ ಹೋಗ್ಯಾವ, ಒಂದ ಹದಿನೈದ ದಿನ ನೀ ನೋಡ್ಕೊಂಡ್ರ…”

“ನೋಡೂಣು,” ಎಂದಳು. “ಸಕ್ಕರಿ ಕಡಿಮಿ ಹಾಕ್ರಿ ಚಾಕ್ಕ.”

ಫೋನಿಟ್ಟು ವಿಭಾಗದ ಕಚೇರಿಗೆ ಹೋದಳು. ಗಾಲ್ವೇಯ ವೃದ್ಧಾಶ್ರಮವೊಂದಕ್ಕೆ ಕ್ರಿಸ್‌ಮಸ್ ರಜೆಯಲ್ಲಿ ಕೆಲಸಕ್ಕೆ ನಿಲ್ಲುವ ವಿದ್ಯಾರ್ಥಿಗಳು ಬೇಕೆಂದು ಗೋಡೆಯ ಮೇಲೆ ಹಾಳೆ ಹಚ್ಚಿದ್ದರು. ಎಲ್ಲರೂ ಮನೆಗೆ ಹೋಗುವವರೇ ಆದ್ದರಿಂದ ಅದರಲ್ಲಿ ಒಂದು ಹೆಸರೂ ಇರಲಿಲ್ಲ. ದಾರದಲ್ಲಿ ತೂಗುತ್ತಿದ್ದ ಪೆನ್ನು ಹಿಡಿದು ಮೊದಲ ಸಾಲಿನಲ್ಲಿ ತನ್ನ ಹೆಸರು ಬರೆದಳು. ರಜೆಯ ಮೂರೂ ವಾರಗಳ ಎದುರಿಗೆ ಗುರುತು ಹಾಕಿದಳು. ಮೇಜಿನ ಹುಡುಗಿ ತಲೆಯೆತ್ತಿ, ಊರಿಗೆ ಹೋಗುವುದಿಲ್ಲವೇ ಎಂದು ಕೇಳಿದಳು. ಭಾಗ್ಯಾ ಮಳೆ ನಿಂತಿದೆಯೇ ಎಂದು ಕಿಟಕಿಯ ಆಚೆ ನೋಡಿ, ಛತ್ರಿ ತಗೊಂಡು ಹೊರಟಳು.